ಬಿಟ್ಟು ಹೋದವರಿಗೆ ಒಂದು ಫೋನ್: ಉಡುಪಿಯ ಫಿಟ್‌ನೆಸ್ ಸೆಂಟರ್ ಒಂದರ ಪ್ರಕರಣ

(ಸೆಂಟರ್ ನಡೆಸುವವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಉಡುಪಿಯ ಕುಂಜಿಬೆಟ್ಟು ಕಡೆ ಹೆಂಗಸರಿಗೆಂದೇ ಒಂದು ಚಿಕ್ಕ ಫಿಟ್‌ನೆಸ್ ಸೆಂಟರ್ ನಡೆಸುವ ಇವರಿಗೆ 36 ವರ್ಷ. ಮೊದಲು ಖಾಸಗಿ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದರು. ಗಂಡ ದುಬೈಯಲ್ಲಿ. ಮನೆಯಲ್ಲಿ ಅತ್ತೆ ಮತ್ತು ಹತ್ತು ವರ್ಷದ ಮಗಳು. ಸೊಸೈಟಿಯಲ್ಲಿ ಚಿನ್ನ ಅಡವಿಟ್ಟು ಸಾಲ ತೆಗೆದು, ಅಂಗಡಿಯೊಂದರ ಮೇಲಿನ ಮಹಡಿ ಬಾಡಿಗೆಗೆ ಹಿಡಿದು ಶುರು ಮಾಡಿದ್ದು. ಆಪ್ತಸಲಹೆಗೆ ನನ್ನ ಹತ್ತಿರ ಬಂದದ್ದು ಜುಲೈ ತಿಂಗಳ ಜೋರು ಮಳೆಯಲ್ಲಿ, ನಿದ್ದೆ ಬರುವುದಿಲ್ಲ ಅಂತ. ಜೊತೆಗೆ ಮಗಳ ಮೇಲೆ ಸುಮ್ನೆ ರೇಗುವುದು, ಆಮೇಲೆ ಒಬ್ಬರೇ ಕೂತು ಅಳುವುದು.

ಮೊದಲು ಕೇಳಬೇಕಾದ್ದು ಕೇಳಿದೆ. ಬದುಕು ಬೇಡ ಎನ್ನುವ ಯೋಚನೆ ಇರಲಿಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ ಎಂದು ಅವರ ಡಾಕ್ಟರ ಹತ್ತಿರ ಕಳಿಸಿದೆ. ತೊಂದರೆ ಏನೂ ಕಾಣಲಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಏನು ಮಾಡುತ್ತೀರಿ ಎಂದು ಕೇಳಿದಾಗ ಸ್ವಲ್ಪ ಸಂಕೋಚಪಟ್ಟು ಹೇಳಿದರು: ಸೆಂಟರ್ ಬಿಟ್ಟವರ ವಾಟ್ಸಾಪ್ ಸ್ಟೇಟಸ್ ನೋಡುವುದು. ಯಾರ ಮನೆಯಲ್ಲಿ ಹುಟ್ಟುಹಬ್ಬ, ಯಾರು ಪೇಟೆ ಸುತ್ತಿದರು, ಮಣಿಪಾಲ ರಸ್ತೆಯ ಹೊಸ ಎಸಿ ಜಿಮ್ಮಿನಲ್ಲಿ ನಿಂತು ಯಾರು ಫೋಟೋ ತೆಗೆಸಿಕೊಂಡರು.

ಏಪ್ರಿಲ್‌ನಲ್ಲಿ 44 ಜನ ಇದ್ದರು. ನನ್ನ ಹತ್ತಿರ ಬರುವಾಗ 26.

"ನಾನು ಎಷ್ಟು ಮಾಡಿದೆ ಮೇಡಂ ಇವರಿಗೆ. ಬಿಡುವಾಗ ಒಂದು ಮಾತು ಹೇಳ್ಲಿಕ್ಕೆ ಆಗುದಿಲ್ವಾ?"

"ನೀವು ಕೇಳಿದ್ರಾ, ಯಾಕೆ ಬರ್ತಿಲ್ಲ ಅಂತ?"

"ನಾನ್ಯಾಕೆ ಕೇಳ್ಬೇಕು? ಬೇಕಾದವರು ಬರ್ತಾರೆ."

ಹದಿನೆಂಟು ಜನ ಬಿಟ್ಟಿದ್ದಾರೆ, ಒಬ್ಬರಿಗೂ ಒಂದು ಫೋನ್ ಹೋಗಿಲ್ಲ. ಆದರೆ ಅವರೆಲ್ಲ ಓದಲಿ ಅಂತ ಇವರು ತಮ್ಮ ಸ್ಟೇಟಸ್‌ನಲ್ಲಿ "ನೆಪ ಹೇಳುವವರಿಗೆ ಫಲ ಸಿಗುವುದಿಲ್ಲ" ಎಂದು ಹಾಕಿದ್ದರು. ಸಿಟ್ಟು ಅಂದುಕೊಂಡಿದ್ದರು. ಮಾತಾಡುತ್ತಾ ಹೋದಂತೆ ಅದರ ಕೆಳಗೆ ಹೆದರಿಕೆ ಇರುವುದು ಗೊತ್ತಾಯಿತು. ಫೋನ್ ಮಾಡಿದರೆ "ನಿಮ್ಮ ಕ್ಲಾಸ್ ಚೆನ್ನಾಗಿಲ್ಲ" ಎಂಬ ಮಾತು ಕೇಳಬೇಕಾಗುತ್ತದೆ ಎಂಬ ಹೆದರಿಕೆ. ಕೆಲಸ ಬಿಟ್ಟು, ಚಿನ್ನ ಅಡವಿಟ್ಟು, ಅತ್ತೆಯ ಎದುರು ಹಟ ಹಿಡಿದು ಶುರು ಮಾಡಿದ್ದು ಅಲ್ವಾ? ಒಬ್ಬರು ಬಿಟ್ಟರೂ ತಾನೇ ಸೋತೆ ಎಂದು ಅನ್ನಿಸುತ್ತಿತ್ತು.

ಹೆದರಿಕೆ ದೊಡ್ಡದಾಗಿ ಕಾಣುವಾಗ ನಾನು ಲೆಕ್ಕ ಬರೆಸುತ್ತೇನೆ. ವ್ಯಾಪಾರ ಕಲಿಸುವುದು ನನ್ನ ಕೆಲಸ ಅಲ್ಲ, ಆದರೆ ಹಾಳೆಯ ಮೇಲೆ ಅಂಕಿ ಬಿದ್ದರೆ ಮನಸ್ಸು ಸ್ವಲ್ಪ ನೆಲಕ್ಕೆ ಇಳಿಯುತ್ತದೆ. ಬಾಡಿಗೆ 16,000, ಕರೆಂಟ್ 3,500, ಗುಡಿಸಿ ಒರೆಸುವವರಿಗೆ 3,000, ಸಾಲದ ಬಾಬ್ತು 4,500. ಒಟ್ಟು 27,000. ತಿಂಗಳ ಫೀಸು 1,200. ಅಂದರೆ 23 ಜನ ಇದ್ದರೆ ಖರ್ಚು ಹುಟ್ಟುತ್ತದೆ. ಮುಳುಗಿ ಹೋಯಿತು ಎಂದು ನಿದ್ದೆ ಬಿಟ್ಟವರ ಸೆಂಟರ್ ಆ ತಿಂಗಳೂ ತನ್ನ ಖರ್ಚು ತಾನೇ ದುಡಿಯುತ್ತಿತ್ತು. ಇವರ ಕೈಗೆ ಉಳಿಯುತ್ತಿದ್ದದ್ದು 4,200 ಮಾತ್ರ, ಅದು ನಿಜವಾದ ಕಷ್ಟ. ತಿಂಗಳಿಗೆ 20,000 ಸಂಬಳ ಅಂತ ಇಟ್ಟುಕೊಂಡರೆ 40 ಜನ ಸಾಕು. ನೂರು ಬೇಕಾಗಿಲ್ಲ, ಎಸಿ ಜಿಮ್ಮಿನ ಜೊತೆ ಪೈಪೋಟಿಯೂ ಬೇಡ.

ಅದೇ ಹಾಳೆಯಲ್ಲಿ ಅವರು ಮಾಡಿಸಿದ್ದ ಬ್ಯಾನರ್‌ನ ಲೆಕ್ಕವನ್ನೂ ನೋಡಿದೆವು. "ಮೂರು ತಿಂಗಳ ಫೀಸು ಕಟ್ಟಿದರೆ ನಾಲ್ಕನೇ ತಿಂಗಳು ಉಚಿತ." ಹಾಗಾದರೆ ತಿಂಗಳಿಗೆ ಬೀಳುವುದು 900. ಇರುವ 26 ಜನವೂ ಅದನ್ನೇ ತೆಗೆದುಕೊಂಡರೆ ತಿಂಗಳಿಗೆ 23,400. ಖರ್ಚಿಗೇ ಕೈಯಿಂದ ಹಾಕಬೇಕು! ಯಾರೋ ಜಿಎಸ್‌ಟಿ ಬಗ್ಗೆಯೂ ಹೆದರಿಸಿದ್ದರು. ನಮ್ಮ ರಾಜ್ಯದಲ್ಲಿ ಸೇವೆ ಕೊಡುವವರಿಗೆ ಸಾಮಾನ್ಯವಾಗಿ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಮಾತ್ರ ನೋಂದಣಿ ಕಡ್ಡಾಯ. ಇವರದು 40 ಜನ ಬಂದರೂ ಆರು ಲಕ್ಷದ ಒಳಗೆ. ಆ ಚಿಂತೆಯನ್ನು ಅಲ್ಲೇ ಬಿಡಿ ಎಂದೆ.

ಮುಂದಿನ ಸಲ ಫೋನ್ ಮಾಡುವ ಅಭ್ಯಾಸ ಮಾಡಿದೆವು. ನಾನು ಬಿಟ್ಟು ಹೋದ ಸದಸ್ಯೆ, ಅವರು ಅವರೇ. ಮೊದಲ ಮಾತೇ "ನೀವು ಯಾಕೆ ಬರ್ತಿಲ್ಲ?" ಎಂದು ಬಂತು. ಶಾಲೆಯ ಮೈದಾನದಲ್ಲಿ ತಡವಾಗಿ ಬಂದ ಮಕ್ಕಳನ್ನು ಕೇಳುವ ಧ್ವನಿ. ನನಗೇ ನೆಪ ಹೇಳಬೇಕು ಅನ್ನಿಸಿತು, ಹಾಗೇ ಅವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ಹಾಗೇ ಕೇಳ್ತದೆ" ಎಂದರು. ಆಮೇಲೆ ಮಾತು ಬದಲಿಸಿದೆವು: "ಕೆಲವು ದಿನದಿಂದ ಕಾಣ್ಲಿಲ್ಲ, ಹುಷಾರಿದ್ದೀರಲ್ಲ?" ಫೀಸಿನ ಸುದ್ದಿ ಎತ್ತಬಾರದು. ವಾಪಸ್ ಬನ್ನಿ ಎನ್ನಲೂಬಾರದು. ಒಂದೇ ಪ್ರಶ್ನೆ, "ನಮ್ಮಲ್ಲಿ ನಿಮಗೆ ಕಷ್ಟ ಆದದ್ದು ಏನಾದ್ರೂ ಇತ್ತಾ?" ಕೇಳಿದ ಮೇಲೆ ಬಾಯಿ ಮುಚ್ಚಿ ಕೇಳಿಸಿಕೊಳ್ಳಬೇಕು. ಸಮಜಾಯಿಷಿ ಕೊಡಬಾರದು. ಉತ್ತರವನ್ನು ಅವರ ಮಾತಿನಲ್ಲೇ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ದಿನಕ್ಕೆ ಇಬ್ಬರಿಗಿಂತ ಜಾಸ್ತಿ ಬೇಡ.

ಆ ಪುಸ್ತಕ ತಂದು ನನ್ನ ಮೇಜಿನ ಮೇಲೆ ಇಟ್ಟರು. ಎಸಿ ಜಿಮ್ಮಿಗೆ ಹೋದವರು ಇಬ್ಬರೇ. ಉಳಿದವರ ಕಾರಣಗಳು ಇವರ ಊಹೆಗೂ ಬಂದಿರಲಿಲ್ಲ.

ಐವತ್ತು ದಾಟಿದ ಮೂವರು ಬಿಟ್ಟದ್ದು ಮೆಟ್ಟಿಲಿನ ಕಾರಣಕ್ಕೆ. ಕಟ್ಟಡದ ಹೊರಗಿನ ಮೆಟ್ಟಿಲು, ಒಂದು ಬದಿಗೆ ಕೈಹಿಡಿ ಇಲ್ಲ, ಜೂನ್ ಬಂದರೆ ಪಾಚಿ. ಒಬ್ಬರು ಒಮ್ಮೆ ಜಾರಿದ್ದರು. "ಮೊಣಕಾಲು ನೋವಿಗೆ ಅಂತ ಬರುದು, ಸೊಂಟ ಮುರ್ಕೊಂಡು ಹೋಗುದಾ?" ಎಂದು ಫೋನಿನಲ್ಲಿ ಕೇಳಿದರಂತೆ. ಇನ್ನೊಬ್ಬರು ಒದ್ದೆ ರೈನ್‌ಕೋಟ್ ನೇತು ಹಾಕಲು ಒಂದು ಮೊಳೆಯೂ ಇಲ್ಲ ಎಂದರು. ಮಳೆಯಲ್ಲಿ ಬಂದವರ ಕೊಡೆ, ಚಪ್ಪಲಿ, ನೀರು ಎಲ್ಲ ಮ್ಯಾಟಿನ ಹತ್ತಿರವೇ. ಒಣಗದ ಮ್ಯಾಟಿನ ಮುಗ್ಗಲು ವಾಸನೆ ಬೇರೆ. ದಿನವೂ ಅಲ್ಲೇ ಇರುವ ಇವರ ಮೂಗಿಗೆ ಅದು ಗೊತ್ತಾಗುತ್ತಿರಲಿಲ್ಲ.

ನಾಲ್ವರಿಗೆ ಸಮಯದ ತೊಂದರೆ. ಬ್ಯಾಚ್ ಇದ್ದದ್ದು ಬೆಳಿಗ್ಗೆ ಆರಕ್ಕೆ, ಸಂಜೆ ಐದೂವರೆಗೆ. ಜೂನ್‌ನಲ್ಲಿ ಶಾಲೆ ಶುರುವಾದರೆ ಬೆಳಿಗ್ಗೆ ಆರಕ್ಕೆ ಯಾವ ತಾಯಿ ಮನೆ ಬಿಡುತ್ತಾಳೆ? ತಿಂಡಿ, ಟಿಫಿನ್, ಶಾಲೆಯ ವ್ಯಾನ್, ಅತ್ತೆ ಮಾವನ ಮಾತ್ರೆ ಎಲ್ಲ ಮುಗಿಯುವುದು ಹತ್ತು ಗಂಟೆಗೆ.

ಪುಸ್ತಕದಲ್ಲಿ ನನ್ನ ಮನಸ್ಸಿಗೆ ತುಂಬ ತಟ್ಟಿದ್ದು ಸೋಮವಾರದ ತೂಕದ ವಿಷಯ. ಪ್ರತಿ ಸೋಮವಾರ ಎಲ್ಲರ ತೂಕ ನೋಡಿ, ಬಾಗಿಲ ಪಕ್ಕದ ಬಿಳಿ ಬೋರ್ಡಿನಲ್ಲಿ ಹೆಸರಿನ ಸಮೇತ ಬರೆಯುತ್ತಿದ್ದರು. ಇಳಿದವರಿಗೆ ಹಸಿರು ಪೆನ್, ಏರಿದವರಿಗೆ ಕೆಂಪು. ಬೋರ್ಡಿನ ಫೋಟೋ ವಾಟ್ಸಾಪ್ ಗುಂಪಿಗೂ ಹೋಗುತ್ತಿತ್ತು. ಹುರುಪು ಬರಲಿ ಎಂಬುದೇ ಇವರ ಉದ್ದೇಶ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ತವರಿನ ಮದುವೆ ಮುಗಿಸಿ ಬಂದು ಒಂದು ಸೋಮವಾರ ತಪ್ಪಿಸಿದರು. ಮುಂದಿನ ಸೋಮವಾರವೂ. ಆಮೇಲೆ ಮಂಗಳವಾರ ಬರುವುದಕ್ಕೂ ನಾಚಿಕೆ. ಫೋನಿನಲ್ಲಿ ಇವರ ಧ್ವನಿ ಕೇಳಿ ಅವರು ಅತ್ತುಬಿಟ್ಟರು. ಇನ್ನೊಬ್ಬರು ತಮ್ಮ ಹಿಂದಿನ ಮತ್ತು ಈಗಿನ ಫೋಟೋವನ್ನು ಕೇಳದೆ ಇನ್‌ಸ್ಟಾಗ್ರಾಮ್‌ಗೆ ಹಾಕಿದ್ದಕ್ಕೆ ಬಿಟ್ಟಿದ್ದರು. ಅದನ್ನು ಅವರ ಗಂಡನ ಆಫೀಸಿನವರು ನೋಡಿದ್ದರಂತೆ.

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ನಮ್ಮ ಕಡೆ ಹೆಂಗಸು ತನ್ನ ಮೈಗೆ ಅಂತ ದಿನಕ್ಕೆ ಒಂದು ಗಂಟೆ, ತಿಂಗಳಿಗೆ 1,200 ರೂಪಾಯಿ ತೆಗೆದಿಡುವುದು ಸುಲಭವಲ್ಲ. "ಮನೆಕೆಲಸ ಮಾಡಿದರೆ ಸಾಲದಾ ವ್ಯಾಯಾಮ?" ಎಂದು ಕೇಳುವವರು ಮನೆಯಲ್ಲೇ ಇರುತ್ತಾರೆ. ಅವರಿಗೆಲ್ಲ ಉತ್ತರ ಕೊಟ್ಟು, ಚೂಡಿದಾರ ಬದಲಿಸಿ ಟ್ರ್ಯಾಕ್ ಪ್ಯಾಂಟ್ ಹಾಕಿ, ಮೆಟ್ಟಿಲು ಹತ್ತಿ ಬಂದರೆ ಇಲ್ಲಿ ಮತ್ತೊಂದು ಕಟಕಟೆ. ಅಂಥ ಜಾಗಕ್ಕೆ ಯಾರು ಬರುತ್ತಾರೆ? ತೂಕ ಉಪ್ಪಿನಿಂದ ಏರುತ್ತದೆ, ಮುಟ್ಟಿನ ದಿನಗಳಲ್ಲಿ ಏರುತ್ತದೆ. ಇದು ಇವರಿಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಕೆಂಪು ಪೆನ್ ಹಿಡಿದಿದ್ದರು. ಅವರೂ ಅಂಕ, ರ‍್ಯಾಂಕು, ಸೀಟಿಯ ನಡುವೆಯೇ ಬೆಳೆದವರು, ಆಮೇಲೆ ಅದನ್ನೇ ಕಲಿಸಿದವರು.

ಆ ದಿನವೇ ಬೋರ್ಡ್ ಒರೆಸಿದರು. ತೂಕ ಬೇಕಾದವರಿಗೆ ಪರದೆಯ ಹಿಂದೆ, ಅವರವರ ಪುಸ್ತಕದಲ್ಲಿ. ಬದಲಿಗೆ ಏನು ಬರೆಯಬಹುದು ಎಂದು ಅವರೇ ಯೋಚಿಸಿ ತಂದರು: ನೆಲದಿಂದ ಕೈ ಊರದೆ ಏಳಲು ಆಗುತ್ತದಾ, ಮಹಡಿ ಹತ್ತುವಾಗ ಏದುಸಿರು ಕಡಿಮೆಯಾಯಿತಾ, ಅಕ್ಕಿ ಚೀಲ ಎತ್ತಿದರೆ ಬೆನ್ನು ಹಿಡಿಯುತ್ತದಾ. ಕೇಳಿದ ನನಗೂ ಖುಷಿಯಾಯಿತು. ಇದು ಆ ಹೆಂಗಸರು ಮನೆಗೆ ಹೋಗಿ ಅತ್ತೆಯ ಎದುರೂ ಹೇಳಬಹುದಾದ ಫಲ. ಫೋಟೋ ವಿಷಯಕ್ಕೆ ನೇರವಾಗಿ ಕ್ಷಮೆ ಕೇಳಿ, ತೆಗೆದುಹಾಕಿ ಎಂದೆ. ಮುಂದೆ ಯಾರ ಫೋಟೋ ಹಾಕುವುದಿದ್ದರೂ ಬರಹದಲ್ಲಿ ಒಪ್ಪಿಗೆ ಬೇಕು.

ಇನ್ನೊಂದು ಹಟ ಇತ್ತು, ವಾರಕ್ಕೆ ಆರು ದಿನ ಬರಲೇಬೇಕು ಎನ್ನುವುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಏನೂ ಮಾಡದೆ ಇರುವುದಕ್ಕಿಂತ ಸ್ವಲ್ಪ ಮಾಡಿದರೂ ಒಳ್ಳೆಯದು ಎಂದೂ ಅದರಲ್ಲಿದೆ. ಹಾಗಿದ್ದ ಮೇಲೆ ಆರು ದಿನ ಬರಲಾಗದವರನ್ನು ಕಳೆದುಕೊಳ್ಳುವುದು ಯಾಕೆ? ಎರಡು ದಿನ ಡಂಬೆಲ್, ಬ್ಯಾಂಡ್ ಇಲ್ಲಿ, ಉಳಿದ ದಿನ ಮನೆಯ ಹತ್ತಿರ ಚುರುಕಾಗಿ ನಡಿಗೆ. ಇದಕ್ಕೆ ಅವರು ತಿಂಗಳಿಗೆ 700 ರೂಪಾಯಿಯ ಬೇರೆ ಫೀಸು ಇಟ್ಟರು. ಆಫರ್ ಬ್ಯಾನರ್ ಇಳಿಯಿತು. ಬಿಪಿ, ಶುಗರ್ ಇರುವವರು, ಹೆರಿಗೆಯಾದವರು ಡಾಕ್ಟರನ್ನು ಕೇಳಿಯೇ ಬರಬೇಕು ಎಂಬ ನಿಯಮ ಮೊದಲೇ ಇತ್ತು. ಅದನ್ನು ಸಡಿಲ ಮಾಡಬೇಡಿ ಎಂದೆ.

ಕರಾವಳಿಯ ವರ್ಷ ಹೇಗೆ ಹೋಗುತ್ತದೆ ಎನ್ನುವುದನ್ನೂ ಬರೆದೆವು. ಜೂನ್‌ನಲ್ಲಿ ಶಾಲೆ ಮತ್ತು ಮಳೆ. ಆಟಿಯಲ್ಲಿ, ಅಂದರೆ ಜುಲೈ ನಡುವಿನಿಂದ ಶುರುವಾಗುವ ತುಳು ತಿಂಗಳಲ್ಲಿ, ಮದುವೆ ಮುಂಜಿ ಇಲ್ಲ, ಆಗ ಬರುವವರು ತಪ್ಪದೆ ಬರುತ್ತಾರೆ. ಆಮೇಲೆ ಅಷ್ಟಮಿ, ಚೌತಿ, ನವರಾತ್ರಿ. ದೀಪಾವಳಿ ಕಳೆದರೆ ಮದುವೆ, ದೈವದ ನೇಮ, ಯಕ್ಷಗಾನದ ಆಟ, ದೇವಸ್ಥಾನದ ಬ್ರಹ್ಮಕಲಶ ಅಂತ ಮೇ ಕೊನೆಯ ಪತ್ತನಾಜೆಯವರೆಗೆ ಸಂಜೆಗಳೇ ಸಿಗುವುದಿಲ್ಲ. ಜನ ತಪ್ಪಿಸುವುದು ಇವರ ಮೇಲಿನ ಬೇಸರದಿಂದ ಅಲ್ಲ, ಊರು ನಡೆಯುವುದೇ ಹೀಗೆ ಎಂದು ಆ ಹಾಳೆ ನೋಡಿ ಅವರಿಗೆ ಸಮಾಧಾನವಾಯಿತು. ಮನೆಯಲ್ಲಿ ಕಾಯಿಲೆ, ಕಾರ್ಯಕ್ರಮ ಇದ್ದವರಿಗೆ ವರ್ಷದಲ್ಲಿ ಒಂದು ತಿಂಗಳು ಫೀಸು ಮುಂದಕ್ಕೆ ಹಾಕುವ ಅನುಕೂಲ ಮಾಡಿದರು. ಸತತ ಮೂರು ದಿನ ಕಾಣದಿದ್ದರೆ ನಾಲ್ಕನೇ ದಿನ ಒಂದು ಫೋನ್. ವಾರಗಟ್ಟಲೆ ಬಿಟ್ಟವರಿಗೆ ಮರಳಲು ನಾಚಿಕೆ ಬೆಳೆದಿರುತ್ತದೆ, ಮೂರು ದಿನಕ್ಕೆ ಅಷ್ಟು ಬೆಳೆದಿರುವುದಿಲ್ಲ.

ಮೆಟ್ಟಿಲಿಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿದರು. ಕಟ್ಟಡದ ಮಾಲೀಕರ ಜೊತೆ ಮಾತಾಡಿ ಪೈಪಿನ ಕೈಹಿಡಿ ಹಾಕಿಸಿದರು, ಖರ್ಚು ಅರ್ಧರ್ಧ. ಗೋಡೆಗೆ ಕೊಕ್ಕೆ ಬಂತು, ಕೊಡೆಗೆ ಒಂದು ಬಕೆಟ್. ಹತ್ತೂವರೆಯ ಬ್ಯಾಚ್ ಶುರುವಾಯಿತು. ಅಲ್ಲಿ ಮೊಣಕಾಲು ನೋವಿನವರಿಗೆ ಕುರ್ಚಿ ಹಿಡಿದು ಮಾಡುವ ವ್ಯಾಯಾಮ.

ನಿದ್ದೆಗೆ ನಾನು ಹೇಳಿದ್ದು ಎರಡೇ ಮಾತು. ಬಿಟ್ಟವರ ಸ್ಟೇಟಸ್ ಕಾಣದ ಹಾಗೆ ಮ್ಯೂಟ್ ಮಾಡಿ, ರಾತ್ರಿ ಮೊಬೈಲ್ ಅಡುಗೆ ಮನೆಯಲ್ಲಿ ಚಾರ್ಜಿಗೆ ಇಡಿ. ಮಗಳ ಜೊತೆ ರಾತ್ರಿ ಊಟದ ಹೊತ್ತಿನಲ್ಲಿ ಸೆಂಟರಿನ ಮಾತು ಬೇಡ ಎಂದು ಅವರೇ ನಿಯಮ ಮಾಡಿಕೊಂಡರು.

ನವರಾತ್ರಿಯ ಹೊತ್ತಿಗೆ ಹದಿನೆಂಟರಲ್ಲಿ ಏಳು ಜನ ಮರಳಿದ್ದರು. ಬ್ಯಾಂಕಿನವರು ತಮ್ಮ ಅಕ್ಕನನ್ನೂ ಕರೆತಂದರು. ಫೋಟೋದವರು ಬರಲಿಲ್ಲ. ಕ್ಷಮಿಸಿದ್ದೇನೆ, ಆದರೆ ಬರುವ ಮನಸ್ಸಿಲ್ಲ ಎಂದರಂತೆ. ಅದನ್ನು ಹೇಳುವಾಗ ಇವರ ಕಣ್ಣು ತುಂಬಿತು, ಆದರೆ ಆ ರಾತ್ರಿ ನಿದ್ದೆ ಮಾಡಿದ್ದೆ ಎಂದೂ ಹೇಳಿದರು. ಹೊಸಬರು ಸೇರಿ ಈಗ ಒಟ್ಟು 39 ಜನ, ಅದರಲ್ಲಿ ಹತ್ತು ಮಂದಿ ಎರಡು ದಿನದವರು. ಸಂಬಳ ಅಂತ ಬರೆದಿಟ್ಟ 20,000 ಇನ್ನೂ ಪೂರ್ತಿ ಕೈಗೆ ಬಂದಿಲ್ಲ.

ಉಳಿದಿರುವ ಕೆಲಸ ಇವರ ವಿಶ್ರಾಂತಿಯದು. ಮೂರು ಬ್ಯಾಚ್, ಮನೆ, ಫೋನ್, ಲೆಕ್ಕ ಎಲ್ಲ ಒಬ್ಬರೇ. ಸದಸ್ಯರಲ್ಲೇ ಚೆನ್ನಾಗಿ ಕಲಿತ ಒಬ್ಬರಿಗೆ ತರಬೇತಿ ಕೊಟ್ಟು, ಸಂಜೆಯ ಬ್ಯಾಚನ್ನು ವಾರಕ್ಕೆ ಎರಡು ದಿನ ಒಪ್ಪಿಸಿ ಎಂದಿದ್ದೇನೆ. "ಅವಳು ಮಾಡಿದ್ರೆ ಸರಿ ಆಗ್ತದಾ ಮೇಡಂ?" ಎಂದು ಕೇಳಿದ್ದಾರೆ. ಮುಂದಿನ ಭೇಟಿಯಲ್ಲಿ ಅದರ ಬಗ್ಗೆಯೇ ಮಾತಾಡುವುದು ಎಂದು ಇಬ್ಬರೂ ಒಪ್ಪಿದ್ದೇವೆ.