ಹುತ್ತರಿ ಅಪ್‌ಡೇಟ್ ರಿವ್ಯೂ ಸರದಿಯಲ್ಲಿದ್ದರೆ ದಯವಿಟ್ಟು ಅದನ್ನು ಹಿಂದಕ್ಕೆ ತೆಗೆಯಬೇಡಿ

ಗೋಣಿಕೊಪ್ಪದ ಗೆಳೆಯರು ನಿನ್ನೆ ರಾತ್ರಿ ಇಲ್ಲಿ ಬರೆದದ್ದನ್ನು ಓದಿದೆ. ತಮ್ಮ ಗದ್ದೆ ಕೃಷಿಯ ಮೊಬೈಲ್ ಆಟಕ್ಕೆ ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ವಿಶೇಷ ಹಂತಗಳನ್ನು ಸೇರಿಸಿ ಆಪಲ್‌ನ ಆಪ್ ಸ್ಟೋರ್‌ಗೆ ರಿವ್ಯೂಗೆ, ಅಂದರೆ ಬಿಡುಗಡೆಗೆ ಮುನ್ನ ಆಪಲ್ ಮಾಡುವ ಪರಿಶೀಲನೆಗೆ, ಕಳುಹಿಸಿದ್ದಾರೆ. ಕದಿರಿನ ಬಣ್ಣ ಸರಿಪಡಿಸಲೆಂದು ಒಮ್ಮೆ, ಒಂದು ಅಕ್ಷರದೋಷ ತಿದ್ದಲೆಂದು ಇನ್ನೊಮ್ಮೆ ಅದನ್ನು ಹಿಂದಕ್ಕೆ ತೆಗೆದು ಹೊಸ ಬಿಲ್ಡ್ (ಸ್ಟೋರ್‌ಗೆ ಏರಿಸುವ ಆಟದ ಸಿದ್ಧ ರೂಪ) ಹಾಕಿದ್ದಾರೆ. ಸ್ಥಿತಿ ಇನ್ನೂ ‘ವೇಟಿಂಗ್ ಫಾರ್ ರಿವ್ಯೂ’ ಎಂದೇ ಇದೆ, ಹಬ್ಬಕ್ಕೆ ನಾಲ್ಕು ದಿನಗಳಷ್ಟೇ ಉಳಿದಿವೆ, ಮತ್ತೊಮ್ಮೆ ತೆಗೆದು ಹಾಕಿದರೆ ಬೇಗ ಆಗಬಹುದೇ ಎಂದು ಕೇಳುತ್ತಿದ್ದಾರೆ.

ಆಗುವುದಿಲ್ಲ. ನೀವು ತೆಗೆದ ಪ್ರತಿ ಸಲವೂ ರಿವ್ಯೂ ಮೊದಲಿನಿಂದ ಆರಂಭವಾಗುತ್ತದೆ, ಕಾದ ಸಮಯವೆಲ್ಲ ವ್ಯರ್ಥವಾಗುತ್ತದೆ. ಬಂದ ಅಪ್‌ಡೇಟ್‌ಗಳಲ್ಲಿ ಸರಾಸರಿ ಶೇ 90ರಷ್ಟನ್ನು 24 ಗಂಟೆಯೊಳಗೆ ನೋಡುತ್ತೇವೆಂದು ಆಪಲ್ ಹೇಳುತ್ತದೆ. ಉಳಿದ ಹತ್ತರಲ್ಲಿ ನಿಮ್ಮದು ಸೇರಿದರೆ ಆ ಸರಾಸರಿಯಿಂದ ನಿಮಗೆ ಯಾವ ಪ್ರಯೋಜನವೂ ಇಲ್ಲ. ಅದರ ಮೇಲೆ ಹುತ್ತರಿ ಬೀಳುವುದು ನವೆಂಬರ್ ಕೊನೆಗೆ ಅಥವಾ ಡಿಸೆಂಬರ್‌ನಲ್ಲಿ, ಅಂದರೆ ಇಡೀ ಜಗತ್ತಿನ ಆಟ ತಯಾರಕರು ಕ್ರಿಸ್‌ಮಸ್‌ಗೆಂದು ಅಪ್‌ಡೇಟ್ ಕಳುಹಿಸುವ ಕಾಲದಲ್ಲಿ. ಹಿಂದೆ ಡಿಸೆಂಬರ್ ಕೊನೆಯಲ್ಲಿ ಆಪಲ್ ಕೆಲವು ದಿನ ಹೊಸ ಅಪ್‌ಡೇಟ್‌ಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸುತ್ತಿತ್ತು. 2021ರಿಂದ ಸ್ವೀಕರಿಸುತ್ತಿದೆಯಾದರೂ ಆ ದಿನಗಳಲ್ಲಿ ತಡವಾಗಬಹುದೆಂದು ಮೊದಲೇ ಎಚ್ಚರಿಸುತ್ತದೆ. ಗೂಗಲ್ ಪ್ಲೇ ಕೂಡ ಕೆಲವು ಖಾತೆಗಳಿಗೆ 7 ದಿನ, ವಿಶೇಷ ಸಂದರ್ಭದಲ್ಲಿ ಅದಕ್ಕೂ ಹೆಚ್ಚು ಬೇಕಾಗಬಹುದೆಂದು ಬರೆದಿಟ್ಟಿದೆ. ಆದ್ದರಿಂದ ಕದಿರಿನ ಬಣ್ಣ ಹಳದಿಗಿಂತ ಸ್ವಲ್ಪ ಹಸಿರಾಗಿ ಕಂಡರೆ ಕಾಣಲಿ, ಅದನ್ನು ಮುಂದಿನ ಆವೃತ್ತಿಯಲ್ಲಿ ಸರಿಪಡಿಸಿ.

ಈಗ ತುರ್ತಾಗಿ ಮಾಡಬೇಕಾದದ್ದನ್ನು ಮೊದಲು ಹೇಳುತ್ತೇನೆ. ಸರದಿಯಲ್ಲಿರುವ ಬಿಲ್ಡ್ ಅನ್ನು ಮುಟ್ಟದೆ ತ್ವರಿತ ರಿವ್ಯೂಗೆ ಒಂದು ಮನವಿ ಸಲ್ಲಿಸಿ. ನಿರ್ದಿಷ್ಟ ದಿನಕ್ಕೆ ನಡೆಯುವ ಕಾರ್ಯಕ್ರಮಕ್ಕೂ, ಗಂಭೀರ ದೋಷದ ಪರಿಹಾರಕ್ಕೂ ಅದು ಮೀಸಲು. ಹಬ್ಬದ ದಿನಾಂಕ, ಆ ದಿನಕ್ಕೂ ಆಟಕ್ಕೂ ಇರುವ ಸಂಬಂಧ, ಅಪ್‌ಡೇಟ್‌ನಲ್ಲಿ ಬದಲಾದದ್ದೇನು ಎಂಬುದನ್ನು ಸರಳವಾದ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದರೆ ಸಾಕು. ಈ ಸೌಲಭ್ಯವನ್ನು ಪ್ರತಿ ಅಪ್‌ಡೇಟ್‌ಗೂ ಬಳಸುವವರು ನಮ್ಮ ಗುಂಪಿನಲ್ಲಿಯೇ ಇದ್ದಾರೆ. ಅದು ಸರಿಯಲ್ಲ, ನಿಜವಾಗಿ ಬೇಕಾದಾಗ ನಿಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲ. ಮನವಿ ಒಪ್ಪಿಗೆಯಾಗದಿದ್ದರೂ ಹಬ್ಬ ಬರಿದಾಗಬೇಕಿಲ್ಲ. ಈಗಾಗಲೇ ಸ್ಟೋರ್‌ನಲ್ಲಿರುವ ಹಳೆಯ ಆವೃತ್ತಿಯಲ್ಲಿ ಸರ್ವರ್‌ನಿಂದ ಬದಲಿಸಬಹುದಾದದ್ದು ಏನಿದೆಯೆಂದು ನೋಡಿ. ಆ ದಿನದ ಮಟ್ಟಿಗೆ ಭತ್ತದ ಇಳುವರಿಯನ್ನು ಇಮ್ಮಡಿ ಮಾಡುವುದು, ಆಟದ ಅಂಚೆಪೆಟ್ಟಿಗೆಗೆ ಹುತ್ತರಿಯ ಶುಭಾಶಯದೊಂದಿಗೆ ಉಡುಗೊರೆ ಹಾಕುವುದು, ಇವಕ್ಕೆ ಯಾರ ರಿವ್ಯೂವೂ ಬೇಕಿಲ್ಲ. ಆಪ್ ಸ್ಟೋರ್ ಪುಟದಲ್ಲಿ 170 ಅಕ್ಷರಗಳ ‘ಪ್ರೊಮೋಷನಲ್ ಟೆಕ್ಸ್ಟ್’ ಇರುತ್ತದೆ. ವಿವರಣೆಯ ಇತರ ಭಾಗಗಳಂತಲ್ಲದೆ ಅದನ್ನು ಹೊಸ ಆವೃತ್ತಿ ಕಳುಹಿಸದೆಯೇ ಯಾವಾಗ ಬೇಕಾದರೂ ಬದಲಿಸಬಹುದು. ಹಬ್ಬದ ಮಾತನ್ನು ಅಲ್ಲಿ ಬರೆಯಿರಿ.

ಮುಂದಿನ ವರ್ಷಕ್ಕಾಗಿ ಒಂದೇ ಮಾತು: ಅಪ್‌ಡೇಟ್ ಬೇರೆ, ಹಬ್ಬ ಬೇರೆ ಎಂದು ಮೊದಲೇ ವಿಂಗಡಿಸಿ. ಹುತ್ತರಿಯ ಹಂತಗಳು, ಚಿತ್ರಗಳು, ವಾಲಗದ ಧ್ವನಿ, ಎಲ್ಲವನ್ನೂ ಒಳಗೊಂಡ ಬಿಲ್ಡ್ ಹಬ್ಬಕ್ಕೆ ಮೂರು ನಾಲ್ಕು ವಾರ ಮೊದಲೇ ರಿವ್ಯೂ ದಾಟಿ ಆಟಗಾರರ ಫೋನಿಗೆ ಇಳಿದಿರಬೇಕು. ಹಂತಗಳು ತೆರೆಯುವ ಗಳಿಗೆಯನ್ನು ಮಾತ್ರ ಸರ್ವರ್ ನಿರ್ಧರಿಸಬೇಕು. ನಮಗೆ ಇದು ಇನ್ನೂ ಹೆಚ್ಚು ಅಗತ್ಯ, ಏಕೆಂದರೆ ಹುತ್ತರಿಯ ದಿನ ಮತ್ತು ಮುಹೂರ್ತ ಗೊತ್ತಾಗುವುದೇ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ನಿಶ್ಚಯವಾದ ಮೇಲೆ. ನೆರೆ ಕಟ್ಟುವ (ಎಲೆಗಳ ಕಟ್ಟು ಕಟ್ಟುವ) ಹೊತ್ತು, ಕದಿರು ತೆಗೆಯುವ ಹೊತ್ತು ಎಂದು ಬೇರೆ ಬೇರೆ ಸಮಯಗಳು ಪ್ರಕಟವಾಗುತ್ತವೆ. ಅವನ್ನು ಕೋಡ್‌ನೊಳಗೆ ಬರೆದಿಡಲು ಹೋದರೆ ನಿಶ್ಚಯವಾಗುವವರೆಗೂ ಬಿಲ್ಡ್ ಕಳುಹಿಸುವಂತಿಲ್ಲ, ಆ ಬಳಿಕ ಉಳಿಯುವ ಅವಧಿ ರಿವ್ಯೂಗೆ ಸಾಲುವುದಿಲ್ಲ.

ಇದಕ್ಕೆ ನಾನು ಬಳಸುವುದು ಫೈರ್‌ಬೇಸ್ ರಿಮೋಟ್ ಕಾನ್ಫಿಗ್, ಅಂದರೆ ಹೊಸ ಬಿಲ್ಡ್ ಇಲ್ಲದೆಯೇ ಆಟದೊಳಗಿನ ಮೌಲ್ಯಗಳನ್ನು ದೂರದಿಂದ ಬದಲಿಸಲು ಇರುವ ಗೂಗಲ್ ಸೇವೆ. ತಿಂಗಳ ಬಾಡಿಗೆ ಕೊಟ್ಟು ಬಿಡುಗಡೆಯ ನಂತರ ಆಟವನ್ನು ನಡೆಸಿಕೊಡುವ ದೊಡ್ಡ ‘ಲೈವ್ ಆಪ್ಸ್’ ಸೇವೆಗಳನ್ನು ಕೊಳ್ಳುವುದು ನಮ್ಮಂತಹ ಇಬ್ಬರು ಮೂವರ ತಂಡಕ್ಕೆ ಅನಗತ್ಯ ವೆಚ್ಚವೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಸ್ವಂತ ಸರ್ವರ್ ಇದ್ದವರಿಗೆ ಮೌಲ್ಯಗಳನ್ನು ಬರೆದಿಟ್ಟ ಒಂದು ಸಣ್ಣ ಜೇಸನ್ (JSON) ಕಡತವೂ ಸಾಕು. ಆದರೆ ರಿಮೋಟ್ ಕಾನ್ಫಿಗ್ ಬಳಸುವವರು ಒಂದು ವಿಷಯ ತಿಳಿದಿರಬೇಕು. ಅದು ಒಮ್ಮೆ ತಂದ ಮೌಲ್ಯಗಳನ್ನು, ನೀವಾಗಿ ಬದಲಿಸದ ಹೊರತು, 12 ಗಂಟೆಗಳವರೆಗೆ ಫೋನಿನಲ್ಲಿಯೇ ಇಟ್ಟುಕೊಳ್ಳುತ್ತದೆ. ‘ಹುತ್ತರಿ ಶುರು’ ಎಂಬ ಗುಂಡಿಯನ್ನು ನೀವು ಸಂಜೆ ಒತ್ತಿದರೆ, ಮಧ್ಯಾಹ್ನ ಆಟ ತೆರೆದಿದ್ದವರಿಗೆ ಅದು ಮಧ್ಯರಾತ್ರಿ ಕಳೆಯುವವರೆಗೆ ತಲುಪದಿರಬಹುದು, ಅಷ್ಟರಲ್ಲಿ ಮನೆಮನೆಗಳಲ್ಲಿ ಕದಿರು ಬಂದು ಊಟವೂ ಮುಗಿದಿರುತ್ತದೆ. ಆದ್ದರಿಂದ ಶುರು ಅಥವಾ ನಿಲುಗಡೆ ಎಂಬ ಗುಂಡಿ ಇಡಬೇಡಿ. ಆರಂಭದ ಮತ್ತು ಮುಕ್ತಾಯದ ಸಮಯಗಳನ್ನೇ ಮೌಲ್ಯವಾಗಿ ಇಡಿ, ಮುಹೂರ್ತ ಪ್ರಕಟವಾದ ದಿನವೇ ಅವನ್ನು ತುಂಬಿಬಿಡಿ. ಹಬ್ಬದವರೆಗೆ ಆಟ ತೆರೆದವರ ಫೋನಿಗೆಲ್ಲ ಆ ಸಮಯ ತಲುಪಿರುತ್ತದೆ. ತೋಟದ ನಡುವೆ ನೆಟ್‌ವರ್ಕ್ ಸಿಗದ ಮನೆಗಳಲ್ಲಿಯೂ ಹಂತ ಸರಿಯಾದ ಹೊತ್ತಿಗೆ ತೆರೆಯುತ್ತದೆ. ಸಮಯವನ್ನು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ) ಇಡಿ, ಏಕೆಂದರೆ ನಮ್ಮ ಆಟಗಾರರಲ್ಲಿ ಅನೇಕರು ದುಬೈಯಲ್ಲಿಯೂ ಅಮೆರಿಕದಲ್ಲಿಯೂ ಇದ್ದಾರೆ, ಅವರಿಗೂ ಕೊಡಗಿನ ಹೊತ್ತಿಗೇ ಕದಿರು ತೆಗೆಯುವ ಆಸೆ. ಫೋನಿನ ಗಡಿಯಾರವನ್ನು ಮುಂದಕ್ಕೆ ತಿರುಗಿಸಿ ಹಂತ ತೆರೆಯುವವರೂ ಇರುತ್ತಾರೆ. ಹಂತ ತೆರೆದರೆ ತೆರೆಯಲಿ, ಬಹುಮಾನವನ್ನು ಮಾತ್ರ ಸರ್ವರ್ ಸಮಯ ನೋಡಿಯೇ ಕೊಡಿ.

ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಬಿಲ್ಡ್‌ನೊಳಗೆ ಮುಚ್ಚಿಟ್ಟ ಹಂತಗಳಿವೆಯೆಂಬುದನ್ನು ರಿವ್ಯೂ ಮಾಡುವವರಿಂದ ಮರೆಮಾಚಬಾರದು. ಆಪಲ್ ಮಾರ್ಗಸೂಚಿಯ 2.3.1 ಬಚ್ಚಿಟ್ಟ ಅಥವಾ ಹೇಳದೆ ಮಲಗಿಸಿಟ್ಟ ಸೌಲಭ್ಯಗಳನ್ನು ನಿಷೇಧಿಸುತ್ತದೆ. ನಿಮ್ಮ ಪರೀಕ್ಷಾ ಖಾತೆಗೆ ಮಾತ್ರ ಹುತ್ತರಿ ಸದಾ ತೆರೆದಿರುವಂತೆ ಸರ್ವರ್‌ನಲ್ಲಿ ವ್ಯವಸ್ಥೆ ಮಾಡಿ. ರಿವ್ಯೂ ಟಿಪ್ಪಣಿಯಲ್ಲಿ ಆ ಖಾತೆಯ ಹೆಸರು, ಪಾಸ್‌ವರ್ಡ್, ಯಾವ ಪರದೆಯಲ್ಲಿ ಏನನ್ನು ಒತ್ತಿದರೆ ಗದ್ದೆ ಕಾಣುತ್ತದೆ, ಇದು ಯಾವ ಹಬ್ಬ, ಯಾವ ತಿಂಗಳಲ್ಲಿ ಎಲ್ಲರಿಗೂ ತೆರೆಯುತ್ತದೆ ಎಂಬುದನ್ನೆಲ್ಲ ಬರೆಯಿರಿ. ನಮ್ಮ ಹುತ್ತರಿಯಲ್ಲಿ ಕೋವಿಯಿಂದ ಗುಂಡು ಹಾರಿಸುವ ಪದ್ಧತಿಯಿದೆ. ನಿಮ್ಮ ಆಟದಲ್ಲಿಯೂ ಆ ದೃಶ್ಯವಿದ್ದರೆ ಅದು ಯಾರ ಮೇಲೂ ಅಲ್ಲ, ಆಕಾಶಕ್ಕೆ ಹಾರಿಸುವ ಸಂಪ್ರದಾಯವೆಂದು ಒಂದು ಸಾಲು ಸೇರಿಸಿ, ವಯಸ್ಸಿನ ಶ್ರೇಣಿಯ ಪ್ರಶ್ನಾವಳಿಯಲ್ಲಿಯೂ ಅದಕ್ಕೆ ಹೊಂದುವ ಉತ್ತರವನ್ನೇ ಕೊಡಿ. ಚಿತ್ರ, ಧ್ವನಿ, ಅಂಕಿಗಳನ್ನು ಸರ್ವರ್‌ನಿಂದ ಇಳಿಸಬಹುದು, ಆದರೆ ಆಟದ ನಡವಳಿಕೆಯನ್ನೇ ಬದಲಿಸುವ ಕೋಡ್ ಅನ್ನು ಇಳಿಸಲು ಅದೇ ಮಾರ್ಗಸೂಚಿಯ 2.5.2ರ ಅಡ್ಡಿಯಿದೆ. ರಿವ್ಯೂ ತಪ್ಪಿಸಿಕೊಳ್ಳಲು ಅಂತಹ ದಾರಿ ಹಿಡಿಯಬೇಡಿ, ಖಾತೆಯೇ ಹೋದೀತು.

ಹೀಗೆ ಹೇಳಲು ಕಾರಣವಿದೆ. ಕೊಡವ ಕುಟುಂಬಗಳ ನಡುವೆ ನಡೆಯುವ ಕೌಟುಂಬಿಕ ಹಾಕಿ ಪಂದ್ಯಾವಳಿಯ ಸಮಯಕ್ಕೆಂದು ನಮ್ಮ ತಂಡ ಒಂದು ಹಾಕಿ ಆಟದ ಅಪ್‌ಡೇಟ್ ಮಾಡಿದಾಗ ನಾವೂ ಇದೇ ರೀತಿ ಸಣ್ಣ ಸಣ್ಣ ಕಾರಣಕ್ಕೆ ಬಿಲ್ಡ್ ಹಿಂದಕ್ಕೆ ತೆಗೆದೆವು. ಆಂಡ್ರಾಯ್ಡ್ ಆವೃತ್ತಿ ಒಪ್ಪಿಗೆಯಾದ ತಕ್ಷಣ ತಾನಾಗಿಯೇ ಬಿಡುಗಡೆಯಾಯಿತು, ಐಫೋನಿನದು ಸರದಿಯಲ್ಲಿಯೇ ಉಳಿಯಿತು. ಹೊಸ ಆವೃತ್ತಿಯಲ್ಲಿ ಪಂದ್ಯದ ದತ್ತಾಂಶದ ರೂಪವನ್ನೇ ಬದಲಿಸಿದ್ದರಿಂದ ಎರಡು ಬಗೆಯ ಫೋನಿನವರು ಪರಸ್ಪರ ಆಡುವುದೇ ನಿಂತುಹೋಯಿತು. ಒಂದೇ ಮನೆಯ ಅಣ್ಣ ತಮ್ಮಂದಿರು ಒಂದೇ ತಂಡ ಸೇರಲಾಗದೆ ನಮಗೆ ಸಂದೇಶ ಕಳುಹಿಸುತ್ತಿದ್ದರು. ಕೊನೆಗೆ ರಿವ್ಯೂ ಆದಾಗ ರಿಜೆಕ್ಟ್ ಪತ್ರ ಬಂತು, 2.1ರ ಅಡಿಯಲ್ಲಿ, ಆಟ ಅಪೂರ್ಣವೆಂದು. ಜತೆಗೆ ಒಂದು ಸ್ಕ್ರೀನ್‌ಶಾಟ್ ಇತ್ತು: ಐಪ್ಯಾಡಿನ ಅಗಲವಾದ ಬಿಳಿ ಪರದೆ, ನಡುವೆ ತಿರುಗುವ ಚಕ್ರ, ಬಲಗಡೆಯ ಕೆಳಮೂಲೆಯಲ್ಲಿ ನಮ್ಮ ಆವೃತ್ತಿಯ ಸಂಖ್ಯೆ, ಬೇರೇನೂ ಇಲ್ಲ. ಮಡಿಕೇರಿಯಲ್ಲಿ ಕುಳಿತು ಎಷ್ಟು ಫೋನುಗಳಲ್ಲಿ ನೋಡಿದರೂ ಆಟ ಸರಿಯಾಗಿಯೇ ತೆರೆಯುತ್ತಿತ್ತು. ನಾವು ಸರ್ವರ್ ಬಾಡಿಗೆಗೆ ಪಡೆದಿದ್ದ ಒಂದು ಹೋಸ್ಟಿಂಗ್ ಕಂಪನಿ ಭದ್ರತೆಯ ಹೆಸರಿನಲ್ಲಿ ಭಾರತದ ಹೊರಗಿನ ಸಂಪರ್ಕವನ್ನೆಲ್ಲ ತಡೆದಿತ್ತು ಎಂಬುದು ಅಮೆರಿಕದಲ್ಲಿರುವ ಸಂಬಂಧಿಕರೊಬ್ಬರಿಂದ ಆಟ ತೆರೆಸಿದ ಮೇಲೆಯೇ ತಿಳಿಯಿತು. ಅಷ್ಟರಲ್ಲಿ ಹಾಕಿ ಹಬ್ಬದ ಫೈನಲ್ ಮುಗಿದಿತ್ತು.

ಅಂದಿನಿಂದ ನಾವು ಬಿಟ್ಟುಕೊಡದ ಕೆಲವು ಅಭ್ಯಾಸಗಳಿವೆ. ಸಬ್ಮಿಟ್ ಮಾಡುವ ಮುನ್ನ ಅಮೆರಿಕದ ವಿಪಿಎನ್ ಹಾಕಿ, ಆಟವನ್ನು ಅಳಿಸಿ ಹೊಸದಾಗಿ ಹಾಕಿಕೊಂಡು, ರಿವ್ಯೂ ಖಾತೆಯಿಂದಲೇ ಒಳಹೋಗಿ ನೋಡುತ್ತೇವೆ. ಆಟ ಐಫೋನಿಗೆ ಮಾತ್ರವೆಂದು ಗುರುತಿಸಿದ್ದರೂ ಐಪ್ಯಾಡಿನಲ್ಲಿ ತೆರೆದು ನೋಡುತ್ತೇವೆ, ರಿವ್ಯೂ ಮಾಡುವವರು ಅದರಲ್ಲಿಯೂ ನೋಡುತ್ತಾರೆ. ರಿವ್ಯೂ ಮುಗಿಯುವವರೆಗೆ ಸರ್ವರ್‌ನಲ್ಲಿ ದುರಸ್ತಿ ಕೆಲಸ ಮಾಡುವುದಿಲ್ಲ. ನಮಗೆ ಹಗಲಾದಾಗ ಅಮೆರಿಕದ ರಿವ್ಯೂ ತಂಡಕ್ಕೆ ರಾತ್ರಿ, ನೀವು ಮಲಗಿರುವ ಹೊತ್ತಿನಲ್ಲಿಯೇ ‘ಇನ್ ರಿವ್ಯೂ’ ಬರುವುದು ಹೆಚ್ಚು. ಒಪ್ಪಿಗೆಯಾದರೂ ನಾವು ಹೇಳುವವರೆಗೆ ಬಿಡುಗಡೆಯಾಗದಂತೆ ಆಪಲ್ ಕಡೆ ‘ಮ್ಯಾನ್ಯುಅಲ್ ರಿಲೀಸ್’ ಆರಿಸುತ್ತೇವೆ, ಗೂಗಲ್ ಕಡೆ ‘ಮ್ಯಾನೇಜ್ಡ್ ಪಬ್ಲಿಷಿಂಗ್’ ಹಾಕುತ್ತೇವೆ. ಎರಡೂ ಕಡೆ ಒಪ್ಪಿಗೆಯಾಗಿ, ಆಪಲ್‌ನಲ್ಲಿ ‘ಪೆಂಡಿಂಗ್ ಡೆವಲಪರ್ ರಿಲೀಸ್’ ಎಂದು ಕಂಡ ಮೇಲೆಯೇ ಒಟ್ಟಿಗೆ ಬಿಡುತ್ತೇವೆ. ಬಿಟ್ಟ ಮೇಲೂ ಎಲ್ಲ ಕಡೆ ಕಾಣಲು 24 ಗಂಟೆಯವರೆಗೆ ಬೇಕಾಗಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಸರ್ವರ್ ಹಳೆಯ ಆವೃತ್ತಿಯನ್ನೂ ಹೊಸದನ್ನೂ ಏಕಕಾಲದಲ್ಲಿ ಒಪ್ಪಿಕೊಳ್ಳಬೇಕು.

ಹಂತಹಂತದ ಬಿಡುಗಡೆ, ಅಂದರೆ ಅಪ್‌ಡೇಟ್ ಅನ್ನು ಒಮ್ಮೆಲೇ ಕೊಡದೆ ಸ್ವಲ್ಪ ಸ್ವಲ್ಪ ಜನರಿಗೆ ಕೊಡುತ್ತ ಹೋಗುವುದು, ಎಲ್ಲ ಫೋನುಗಳಿಗೂ ಒಂದೇ ರೀತಿ ಅನ್ವಯವೆಂದು ಈ ಚರ್ಚೆಯಲ್ಲಿ ಮೇಲೆ ಯಾರೋ ತಪ್ಪಾಗಿ ಬರೆದಿದ್ದಾರೆ. ಆಪಲ್‌ನ ಫೇಸ್ಡ್ ರಿಲೀಸ್ 7 ದಿನಗಳಲ್ಲಿ ಶೇ 1, 2, 5, 10, 20, 50, 100 ಎಂದು ತಾನಾಗಿಯೇ ಏರುತ್ತದೆ, ಒಟ್ಟು 30 ದಿನಗಳವರೆಗೆ ತಡೆಹಿಡಿಯಬಹುದು. ಆದರೆ ಅದು ತಾನಾಗಿ ಅಪ್‌ಡೇಟ್ ಆಗುವ ಫೋನುಗಳಿಗೆ ಮಾತ್ರ ಅನ್ವಯ, ಸ್ಟೋರ್‌ಗೆ ಹೋಗಿ ಕೈಯಾರೆ ಅಪ್‌ಡೇಟ್ ಮಾಡುವವರಿಗೆ ಮೊದಲ ದಿನವೇ ಸಿಗುತ್ತದೆ. ಪ್ಲೇ ಸ್ಟೋರ್‌ನಲ್ಲಿ ಶೇಕಡಾವಾರು ಏರಿಸುವುದು ನಿಮ್ಮ ಕೈಯಲ್ಲಿಯೇ ಇರುತ್ತದೆ. ದೋಷ ಕಂಡು ನಿಲ್ಲಿಸಿದರೂ ಈಗಾಗಲೇ ಪಡೆದವರು ಹಳೆಯದಕ್ಕೆ ಮರಳುವುದಿಲ್ಲ, ಹೆಚ್ಚಿನ ವರ್ಷನ್ ಕೋಡ್ (ಆವೃತ್ತಿಯ ಕ್ರಮಸಂಖ್ಯೆ) ಇರುವ ಹೊಸ ಬಿಲ್ಡ್ ಬೇಕು, ಅಂದರೆ ಮತ್ತೊಂದು ರಿವ್ಯೂ. ಹಬ್ಬದ ವಾರದಲ್ಲಿ ಈ ಹಂತಗಳಿಗೆ ಸಮಯವಿರುವುದಿಲ್ಲ, ಅದಕ್ಕಾಗಿಯೇ ಮೂರು ನಾಲ್ಕು ವಾರ ಮೊದಲೇ ಎಂದದ್ದು.

ಬಿಲ್ಡ್ ಏರಿಸಿದ ಮೇಲೆ ‘ಮಿಸ್ಸಿಂಗ್ ಕಂಪ್ಲೈಯನ್ಸ್’ ಎಂದು ಹಳದಿ ಗುರುತು ಬರುತ್ತದೆಯೆಂದು ಕುಶಾಲನಗರದವರು ಕೇಳಿದ್ದರು. ಆಟ ಎನ್‌ಕ್ರಿಪ್ಷನ್ (ದತ್ತಾಂಶದ ಗೂಢಲಿಪೀಕರಣ) ಬಳಸುತ್ತದೆಯೇ ಎಂಬ ಪ್ರಶ್ನೆಗೆ ಉತ್ತರಿಸದಿದ್ದಾಗ ಅದು ಬರುತ್ತದೆ, ಆ ಉತ್ತರವನ್ನು ಆಪ್‌ನ ವಿವರಗಳಿರುವ ಇನ್ಫೋ ಪಿಲಿಸ್ಟ್ (Info.plist) ಕಡತದಲ್ಲಿಯೇ ಬರೆದಿಟ್ಟರೆ ಪ್ರತಿ ಸಲ ಕೇಳುವುದಿಲ್ಲ. ಹೊಸದಾಗಿ ಪ್ಲೇ ಖಾತೆ ತೆರೆಯುತ್ತಿರುವವರು ಇನ್ನೊಂದನ್ನು ಗಮನಿಸಿ: ನವೆಂಬರ್ 13, 2023ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಕನಿಷ್ಠ 12 ಪರೀಕ್ಷಕರು ಸತತ 14 ದಿನ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ (ಆಯ್ದವರಿಗೆ ಮಾತ್ರ ತೆರೆದ ಪರೀಕ್ಷೆಯಲ್ಲಿ) ಇರಬೇಕೆಂಬ ನಿಯಮವಿದೆ, ಮೊದಲ ಬಿಡುಗಡೆಯನ್ನು ಹಬ್ಬಕ್ಕೆ ಹೊಂದಿಸುವುದಾದರೆ ಅದನ್ನೂ ಸೇರಿಸಿ ಎಣಿಸಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಅಪ್‌ಲೋಡ್ ನಡುವೆ ನಿಂತರೆ ಗಾಬರಿಯಾಗಬೇಡಿ, ಪೂರ್ಣವಾಗದ ಬಿಲ್ಡ್ ಸರದಿಗೆ ಸೇರುವುದಿಲ್ಲ, ಪುನಃ ಏರಿಸಿದರಾಯಿತು.

ಗೋಣಿಕೊಪ್ಪದ ಗೆಳೆಯರೇ, ಒಂದು ವೇಳೆ ನಾಳೆ ರಿಜೆಕ್ಟ್ ಪತ್ರ ಬಂದರೆ ಕೋಪದಿಂದ ಉತ್ತರಿಸಬೇಡಿ, ತಕ್ಷಣ ಹೊಸ ಬಿಲ್ಡ್ ಅನ್ನೂ ಹಾಕಬೇಡಿ. ಕಾರಣ ಬರಿಯ ವಿವರಣೆ ಅಥವಾ ಚಿತ್ರಗಳಿಗೆ ಸಂಬಂಧಿಸಿದ್ದರೆ ಅದೇ ಬಿಲ್ಡ್ ಇಟ್ಟುಕೊಂಡು ಅಷ್ಟನ್ನೇ ತಿದ್ದಿ ಕಳುಹಿಸಬಹುದು. ಹಳೆಯ ದೋಷವೊಂದನ್ನು ಸರಿಪಡಿಸುವ ಅಪ್‌ಡೇಟ್ ಆಗಿದ್ದು, ಕಾನೂನು ಅಥವಾ ಸುರಕ್ಷತೆಯ ತೊಡಕಿಲ್ಲದಿದ್ದರೆ, ಮಾರ್ಗಸೂಚಿಯ ವಿಷಯವನ್ನು ಮುಂದಿನ ಸಬ್ಮಿಷನ್‌ನಲ್ಲಿ ಸರಿಪಡಿಸುತ್ತೇವೆಂದು ಕೇಳಿಕೊಳ್ಳಲು 2020ರಿಂದ ಅವಕಾಶವಿದೆ. ಪತ್ರದಲ್ಲಿನ ಖಾತೆಯ ವಿವರಗಳನ್ನು ಅಳಿಸಿ ಉಳಿದದ್ದನ್ನು ಇಲ್ಲಿಯೇ ಹಾಕಿ. ಉತ್ತರದ ಕರಡನ್ನು ನಾನು ಬರೆದುಕೊಡುತ್ತೇನೆ, ನೀವು ಅಷ್ಟರಲ್ಲಿ ಪರೀಕ್ಷಾ ಖಾತೆಯ ಪಾಸ್‌ವರ್ಡ್ ಕೆಲಸ ಮಾಡುತ್ತಿದೆಯೇ ಎಂದು ಐಪ್ಯಾಡಿನಲ್ಲಿ ನೋಡಿಡಿ.