ನೋಡದೇ ಹೇಳಿದ ಪೈಲ್ಸ್

ಪ್ರಶ್ನೆ: ನನಗೆ 33 ವರ್ಷ. ತಿಪಟೂರಿನಿಂದ ತುಮಕೂರಿಗೆ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಎರಡು ವರ್ಷದಿಂದ ಮೋಷನ್‌ನಲ್ಲಿ ರಕ್ತ, ಜೊತೆಗೆ ಲೋಳೆ. ದಿನಕ್ಕೆ ನಾಲ್ಕೈದು ಸಲ, ರಾತ್ರಿಯೂ ಎದ್ದು ಓಡಬೇಕು. ಮೂವರು ಡಾಕ್ಟರಿಗೆ ತೋರಿಸಿದೆ. ಇಬ್ಬರು ಪೈಲ್ಸ್ ಅಂದರು, ಒಬ್ಬರು ಗ್ಯಾಸ್ಟ್ರಿಕ್, ಟೆನ್ಷನ್ ಮಾಡ್ಕೋಬೇಡಿ ಅಂದರು. ಯಾರೂ ಪರೀಕ್ಷೆ ಮಾಡಿ ನೋಡಲಿಲ್ಲ. ನನಗೂ ನಾಚಿಕೆ, ನೋಡಿ ಅಂತ ಕೇಳಲಿಲ್ಲ. ಹಿಮೋಗ್ಲೋಬಿನ್ 9.4 ಅಂತ ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಅತ್ತೆ ಉಷ್ಣ ಅಂತ ಎಳನೀರು ಕುಡಿಸ್ತಾರೆ. ಬಸ್ಸಿನ ಭಯಕ್ಕೆ ಬೆಳಿಗ್ಗೆ ಏನೂ ತಿನ್ನಲ್ಲ. ಇದು ಏನು? ಯಾರ ಹತ್ತಿರ ಹೋಗಲಿ?
(ಹೆಸರು ಬೇಡ)

ಉತ್ತರ: ಮೊದಲು ಆ ಕಬ್ಬಿಣದ ಮಾತ್ರೆಯ ವಿಷಯ. ಮನೆ ಮೇಲಿನ ಟ್ಯಾಂಕಿಗೆ ನೀರು ತುಂಬಿಸುತ್ತಲೇ ಇದ್ದಾರೆ, ಕೆಳಗೆ ಪೈಪು ಎಲ್ಲಿ ಸೋರುತ್ತಿದೆ ಅಂತ ಯಾರೂ ಬಗ್ಗಿ ನೋಡಿಲ್ಲ. ನಿಮ್ಮ ಪತ್ರ ಓದಿ ನನಗೆ ಸಿಟ್ಟು ಬಂದಿದ್ದು ಅಲ್ಲೇ.

ಪೈಲ್ಸ್‌ನ ರಕ್ತ ಸಾಮಾನ್ಯವಾಗಿ ಮೋಷನ್ ಆದ ಮೇಲೆ ಕೆಂಪಗೆ ತೊಟ್ಟಿಕ್ಕುತ್ತದೆ. ಅದಕ್ಕೆ ಲೋಳೆ ಕಲಸಿಕೊಂಡ ಭೇದಿ ಆಗುವುದಿಲ್ಲ, ನಡುರಾತ್ರಿ ನಿದ್ದೆಯಿಂದ ಎಬ್ಬಿಸಿ ಓಡಿಸುವುದೂ ಇಲ್ಲ. ಟೆನ್ಷನ್‌ಗೆ ಹೊಟ್ಟೆ ಕೆಡುತ್ತದೆ, ನಿಜ, ಪರೀಕ್ಷೆಯ ದಿನ ಯಾರಿಗೆ ಕೆಟ್ಟಿಲ್ಲ ಹೇಳಿ. ಆದರೆ ಟೆನ್ಷನ್‌ನಿಂದ ಕರುಳಲ್ಲಿ ರಕ್ತ ಬರುವುದಿಲ್ಲ. ಕರುಳಲ್ಲಿ ಹುಣ್ಣು, ಊತ ಇಲ್ಲದೆಯೇ ಹೊಟ್ಟೆ ಕೆಡುವುದಕ್ಕೆ ಐಬಿಎಸ್ ಅಂತ ಈಗ ಎಲ್ಲರೂ ಹೇಳುತ್ತಾರಲ್ಲ, ಅದರಲ್ಲೂ ಬರುವುದಿಲ್ಲ. ರಕ್ತ, ತೂಕ ಇಳಿಯುವುದು, ಜ್ವರ, ರಕ್ತಹೀನತೆ, ರಾತ್ರಿ ಎದ್ದು ಓಡುವುದು, ಇವುಗಳಲ್ಲಿ ಒಂದಿದ್ದರೂ ಒಳಗೆ ನೋಡಲೇಬೇಕು. ನಿಮಗೆ ಮೂರಿವೆ.

ನೀವು ಬರೆದಿರುವುದನ್ನು ನೋಡಿದರೆ ನನ್ನ ಅನುಮಾನ ಅಲ್ಸರೇಟಿವ್ ಕೊಲೈಟಿಸ್ ಮೇಲೆ. ದೊಡ್ಡ ಕರುಳಿನ ಒಳಪದರ ಊದಿ, ಹುಣ್ಣಾಗಿ ರಕ್ತ ಸೋರುವ ಕಾಯಿಲೆ. ಗುದದ್ವಾರದ ಹತ್ತಿರ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ಅನುಮಾನ ಅಷ್ಟೇ. ಪತ್ರ ಓದಿ ಕಾಯಿಲೆ ಹೆಸರು ಹೇಳಿಬಿಟ್ಟರೆ ನಾನೂ ಆ ಮೂವರ ಸಾಲಿಗೇ ಸೇರುತ್ತೇನೆ ಅಲ್ವಾ? ಅಮೀಬಾದ ಆಮಶಂಕೆಯೂ ಹೀಗೇ ಕಾಣಬಹುದು. ಅದಕ್ಕೇ ಮೊದಲು ಮಲ ಪರೀಕ್ಷೆ. ಅದರ ಜೊತೆಯಲ್ಲೇ ಕ್ಯಾಲ್‌ಪ್ರೊಟೆಕ್ಟಿನ್ ಅನ್ನೋ ಪರೀಕ್ಷೆ ಮಾಡಿಸಬಹುದು, ಕರುಳಲ್ಲಿ ಊತ ಇದೆಯೋ ಇಲ್ಲವೋ ಅಂತ ಅದು ಸುಳಿವು ಕೊಡುತ್ತದೆ. ಕೊನೆಗೆ ಉತ್ತರ ಸಿಗುವುದು ಕೊಲೊನೋಸ್ಕೋಪಿಯಲ್ಲಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆಯಲ್ಲಿ, ಮತ್ತು ಬಯಾಪ್ಸಿಯಲ್ಲಿ, ಅಂದರೆ ಅಲ್ಲಿಂದ ತೆಗೆದ ಚೂರಿನ ಪರೀಕ್ಷೆಯಲ್ಲಿ. ಹಿಂದಿನ ದಿನ ಕುಡಿಯುವ ಭೇದಿ ಔಷಧಿಯೇ ನಿಜವಾದ ಕಷ್ಟ. ಪರೀಕ್ಷೆ ಮಾಡುವಾಗ ಮಂಪರು ಬರುವ ಔಷಧಿ ಕೊಡುತ್ತಾರೆ, ಬಹಳ ಜನಕ್ಕೆ ಏನಾಯಿತು ಅಂತ ನೆನಪೂ ಇರುವುದಿಲ್ಲ.

ಹೋಗಬೇಕಾದ್ದು ಗ್ಯಾಸ್ಟ್ರೋಎಂಟ್ರಾಲಜಿಸ್ಟ್, ಅಂದರೆ ಹೊಟ್ಟೆ, ಕರುಳಿನ ತಜ್ಞರ ಹತ್ತಿರ. ತುಮಕೂರಲ್ಲಿ ವಿಚಾರಿಸಿ. ಖರ್ಚಿನ ಯೋಚನೆ ಇದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಇದಕ್ಕೇ ಅಂತ ಸರ್ಕಾರದ ಸಂಸ್ಥೆ ಇದೆ. ನಾಚಿಕೆಗೆ ನನ್ನ ಹತ್ತಿರ ಒಂದೇ ಮದ್ದು, ಚೀಟಿ. ದಿನಕ್ಕೆ ಎಷ್ಟು ಸಲ, ರಾತ್ರಿ ಎಷ್ಟು ಸಲ, ರಕ್ತ ಎಷ್ಟು ಸಲ, ಎಲ್ಲಾ ಇವತ್ತಿನಿಂದಲೇ ಬರೆದಿಡಿ. ಬಾಯಲ್ಲಿ ಹೇಳಲು ಆಗದಿದ್ದರೆ ಆ ಚೀಟಿಯನ್ನೇ ಕೈಗೆ ಕೊಡಿ. ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡು ಹೋದರೂ ಡಾಕ್ಟರು ಅಸಹ್ಯ ಪಡುವುದಿಲ್ಲ, ನಮಗೆ ಅದರಿಂದ ಕೆಲಸ ಸುಲಭ. ಅಲ್ಲಿಯೂ ಯಾರಾದರೂ ಮುಟ್ಟಿ ನೋಡದೆ ಪೈಲ್ಸ್ ಅಂದರೆ, "ಸಾರ್, ನೋಡದೇ ಹೇಗೆ ಗೊತ್ತಾಯಿತು?" ಅಂತ ಮೆತ್ತಗೆ ಕೇಳಿ.

ಈ ವಾರವೇ ಹೋಗಿ. ಕೊಲೈಟಿಸ್ ತೀವ್ರವಾಗಿದೆಯಾ ಅಂತ ಅಳೆಯಲು ಇಂಗ್ಲೆಂಡಿನ ಇಬ್ಬರು ವೈದ್ಯರು 1955ರಲ್ಲಿ ಹಾಕಿಕೊಟ್ಟ ಲೆಕ್ಕದ ಜಾಡಿನಲ್ಲೇ ನಾವು ಇಂದಿಗೂ ಹೋಗುತ್ತೇವೆ: ರಕ್ತದ ಜೊತೆ ದಿನಕ್ಕೆ 6 ಅಥವಾ ಜಾಸ್ತಿ ಸಲ ಭೇದಿ, ಅದರ ಜೊತೆಗೆ ಜ್ವರವೋ, ನಾಡಿ 90ಕ್ಕಿಂತ ಜಾಸ್ತಿಯೋ, ಹಿಮೋಗ್ಲೋಬಿನ್ 10.5ಕ್ಕಿಂತ ಕಡಿಮೆಯೋ ಇದ್ದರೆ ನೇರ ಆಸ್ಪತ್ರೆಗೆ ಸೇರಿಸಬೇಕು. ನಿಮ್ಮ ಹಿಮೋಗ್ಲೋಬಿನ್ ಆಗಲೇ ಆ ಗೆರೆ ದಾಟಿ ಕೆಳಗಿದೆ. ನಾಲ್ಕೈದು ಸಲ ಹೋಗುವುದು ಆರಾದರೆ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ.

ಕೊಲೈಟಿಸ್ ಅಂತಲೇ ಆದರೆ ಶುರುವಿಗೆ ಸಾಮಾನ್ಯವಾಗಿ ಕರುಳಿನ ಊತ ಇಳಿಸುವ ಮೆಸಲಮಿನ್ ಕೊಡುತ್ತಾರೆ, ಮಾತ್ರೆ ಮತ್ತು ಕೆಳಗಿನಿಂದ, ಅಂದರೆ ಗುದದ್ವಾರದ ಮೂಲಕ, ಹಾಕುವ ಔಷಧಿ ಎರಡೂ. ಕೆಳಗಿನಿಂದ ಹಾಕುವುದನ್ನು ನಮ್ಮವರು ಮುಜುಗರಕ್ಕೆ ಬಿಟ್ಟುಬಿಡುತ್ತಾರೆ, ಹುಣ್ಣಿಗೆ ನೇರ ತಾಗುವುದು ಅದೇ. ರಕ್ತ ನಿಂತ ಮೇಲೂ ಔಷಧಿ ನಿಲ್ಲಿಸುವ ಹಾಗಿಲ್ಲ. ಊತವನ್ನು ಬೇಗ ಅಡಗಿಸುವ, ಜೊತೆಗೆ ರೋಗ ತಡೆಯುವ ಶಕ್ತಿಯನ್ನೂ ತಗ್ಗಿಸುವ ಸ್ಟೀರಾಯ್ಡ್ ಕೊಟ್ಟರೆ ಹೇಳಿದಷ್ಟು ದಿನ ಮಾತ್ರ, ನಿಧಾನವಾಗಿ ಇಳಿಸುತ್ತಾ ಬಂದು ನಿಲ್ಲಿಸಬೇಕು. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಮತ್ತೆ ಮತ್ತೆ ತರಿಸಿಕೊಂಡು ಮೂಳೆ, ಸಕ್ಕರೆ ಎರಡನ್ನೂ ಕೆಡಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಅತ್ತೆಯವರ ಎಳನೀರು ಕುಡಿಯಿರಿ, ಜಗಳ ಬೇಡ. ಮತ್ತೆ, ಬಸ್ ಬಿಡಿ, ರೈಲು ಹತ್ತಿ. ತಿಪಟೂರು, ತುಮಕೂರು ಎರಡೂ ರೈಲು ದಾರಿಯಲ್ಲೇ ಇವೆ, ಬೋಗಿಯಲ್ಲಿ ಶೌಚಾಲಯ ಇರುತ್ತದೆ. ಬೆಳಿಗ್ಗೆ ಎರಡು ಇಡ್ಲಿ ತಿಂದು ಹೊರಡಬಹುದು.

ಪ್ರಶ್ನೆ: ಮಗನಿಗೆ 22. ಹೊಟ್ಟೆನೋವು, ತೂಕ 9 ಕೆಜಿ ಇಳಿದಿದೆ. ಕೊಲೊನೋಸ್ಕೋಪಿ ಮಾಡಿ "ಕ್ರೋನ್ಸ್ ಇರಬಹುದು, ಟಿಬಿ ಇರಬಹುದು" ಅಂದು ಟಿಬಿ ಮಾತ್ರೆ ಶುರು ಮಾಡಿದ್ದಾರೆ. ಅವರಿಗೇ ಗೊತ್ತಿಲ್ಲ ಅಂದರೆ ಡಾಕ್ಟರನ್ನು ಬದಲಾಯಿಸಲಾ?
(ರಾಯಚೂರು)

ಉತ್ತರ: ಬೇಡ. ನೋಡಿ ಆದ ಮೇಲೂ "ಎರಡರಲ್ಲಿ ಒಂದು" ಅಂತ ಒಪ್ಪಿಕೊಂಡಿದ್ದಾರೆ, ನನಗೆ ಅಂಥವರ ಮೇಲೆ ನಂಬಿಕೆ ಜಾಸ್ತಿ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ ಕರುಳಿನ ಟಿಬಿ, ಮತ್ತು ಕರುಳು ಊದಿ ಹುಣ್ಣಾಗುವ ಕ್ರೋನ್ಸ್, ಈ ಎರಡು ಕಾಯಿಲೆಗಳೂ ಅವಳಿಗಳ ಹಾಗೆ ಕಾಣುತ್ತವೆ, ಬಯಾಪ್ಸಿಯಲ್ಲೂ ಎಷ್ಟೋ ಸಲ ಬಿಡಿಸಿ ಹೇಳಲು ಆಗುವುದಿಲ್ಲ. ಕ್ರೋನ್ಸ್ ಅಂದುಕೊಂಡು ಸ್ಟೀರಾಯ್ಡ್ ಕೊಟ್ಟು, ಇದ್ದದ್ದು ಟಿಬಿ ಆದರೆ ಅದು ಉರಿದೇಳುತ್ತದೆ. ಹಾಗಾಗಿ ಟಿಬಿ ಜಾಸ್ತಿ ಇರುವ ನಮ್ಮ ದೇಶದಲ್ಲಿ ಅನುಮಾನ ಉಳಿದರೆ ಮೊದಲು ಟಿಬಿಗೆ ಔಷಧಿ. ನೀವು ಕೇಳಬೇಕಾದ್ದು, "ಮತ್ತೆ ಕೊಲೊನೋಸ್ಕೋಪಿ ಯಾವಾಗ?" ಅಂತ. ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೆ ನೋಡುತ್ತಾರೆ. ಹುಣ್ಣು ಮಾಯುತ್ತಿದ್ದರೆ 6 ತಿಂಗಳ ಕೋರ್ಸ್ ಪೂರ್ತಿ ಮುಗಿಸಿ. ಮಾಯದಿದ್ದರೆ ಆಗ ಕ್ರೋನ್ಸ್ ಕಡೆ ತಿರುಗುತ್ತಾರೆ. ಟಿಬಿ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಹೆಸರು ನೋಂದಾಯಿಸಿದರೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿಯೂ ಬರುತ್ತದೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ತಕ್ಷಣ ತೋರಿಸಿ, ಈ ಮಾತ್ರೆಗಳು ಲಿವರ್‌ಗೆ ಪೆಟ್ಟು ಕೊಡಬಹುದು.

ಪ್ರಶ್ನೆ: ಕೊಲೈಟಿಸ್ ಇದೆ, ಈಗ ಹತೋಟಿಯಲ್ಲಿದೆ. ಮಂಡಿನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತೆಗೆದುಕೊಳ್ಳಬಹುದಾ?

ಉತ್ತರ: ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ, ಮಲಗಿರುವ ಕರುಳನ್ನು ಅವು ಎಬ್ಬಿಸಬಹುದು. ಆ ಮಂಡಿಯನ್ನೂ ನಿಮ್ಮ ಹೊಟ್ಟೆ ಡಾಕ್ಟರಿಗೆ ತೋರಿಸಿ. ಈ ಕಾಯಿಲೆಯಲ್ಲಿ ಕೀಲು ಊದುವುದೂ ಉಂಟು.