ಮಾಟುಂಗಾದಲ್ಲಿ ಮದುವೆ, ಊರಿಂದ ಮೂವತ್ತು ಜನ: ಏನು ತೋರಿಸಲಿ, ಎಲ್ಲಿ ಊಟ ಮಾಡಿಸಲಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ತಂಗಿ ಮದುವೆ ಮಾಟುಂಗಾ ಪೂರ್ವದ ಹಾಲ್‌ನಲ್ಲಿ, ಹುಬ್ಬಳ್ಳಿ-ದಾವಣಗೆರೆಯಿಂದ ಮೂವತ್ತು ಜನ, ಅದರಲ್ಲಿ ಎಂಟು ಜನ ಅರವತ್ತು ದಾಟಿದವರು. ಶುಕ್ರವಾರ ಬೆಳಗ್ಗೆ ಬಂದಿಳಿಯುತ್ತಾರೆ, ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಮುಹೂರ್ತ, ಸೋಮವಾರ ರಾತ್ರಿ ವಾಪಸ್. ನಡುವೆ ಸಿಗೋ ಹೊತ್ತಲ್ಲಿ ಮುಂಬೈ ತೋರಿಸೋದು ಹೇಗೆ ಅಂತ ಕೇಳಿದ್ದೀರಿ. ಮೂರು ವರ್ಷದ ಹಿಂದೆ ನನ್ನ ಮಗಳ ಮದುವೆಯಲ್ಲಿ ನನಗೂ ಇದೇ ತಲೆನೋವಿತ್ತು.

ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಆರತಕ್ಷತೆ ದಿನವೇ ಒಂದು ಟ್ರಾವೆಲ್ಸ್‌ನವರ ಹತ್ತಿರ ಬಸ್ಸು ಗೊತ್ತು ಮಾಡಿ 'ಮುಂಬೈ ದರ್ಶನ' ಇಟ್ಟಿದ್ದೆ. ಏಳಕ್ಕೆ ಬರಬೇಕಾದ ಬಸ್ಸು ಬಂದಿದ್ದು ಒಂಬತ್ತಕ್ಕೆ. ಪಟ್ಟಿಯಲ್ಲಿ ಹತ್ತು ಜಾಗ. ಎಲ್ಲೂ ಕಾಲು ಗಂಟೆಗಿಂತ ಜಾಸ್ತಿ ನಿಲ್ಲಿಸಲಿಲ್ಲ. ಸಂಜೆ ಆರೂವರೆಗೆ ಹಾಲ್ ಮುಟ್ಟಿದಾಗ ಹೆಂಗಸರಿಗೆ ಸೀರೆ ಉಡೋಕೂ ಪುರುಸೊತ್ತಿಲ್ಲ. ನಮ್ಮ ದೊಡ್ಡಮ್ಮ ಇಡೀ ಮುಂಬೈಯಲ್ಲಿ ಸರಿಯಾಗಿ ನೋಡಿದ್ದು ಮುಂದಿನ ಸೀಟಿನ ಬೆನ್ನು ಮಾತ್ರ.

ಹಾಗಾಗಿ ಬಸ್ಸು ಬೇಡ. ಮದುವೆಗೆ ಬಂದವರಿಗೆ ಸಿಗೋದು ರಜೆಯಲ್ಲ, ಶಾಸ್ತ್ರಗಳ ನಡುವಿನ ಎರಡು-ಮೂರು ಗಂಟೆ. ಅಷ್ಟರಲ್ಲಿ ಆಗುವಷ್ಟು ಮಾತ್ರ ನೋಡಿ. ಅದೂ ನಾಲ್ಕೈದು ಜನರ ಗುಂಪು ಮಾಡಿಕೊಂಡು. ಮೂವತ್ತು ಜನರನ್ನು ಒಟ್ಟಿಗೆ ಕೂರಿಸುವಷ್ಟು ಜಾಗ ಮಾಟುಂಗಾದ ಹಳೆ ಹೋಟೆಲುಗಳಲ್ಲಿ ಸಿಗೋದು ಕಷ್ಟ. ಟ್ಯಾಕ್ಸಿಗೂ ನಾಲ್ಕೇ ಜನ. ಅಂದಹಾಗೆ, ಇಳಿದ ತಕ್ಷಣ ಎಲ್ಲರೂ ಆಟೋ ಹುಡುಕುತ್ತಾರೆ. ಸಯನ್, ಮಾಹಿಮ್ ದಾಟಿ ದಕ್ಷಿಣಕ್ಕೆ ಆಟೋ ಬರುವ ಹಾಗೇ ಇಲ್ಲ ಅಂತ ಮೊದಲೇ ಹೇಳಿಡಿ.

ಶುಕ್ರವಾರ ಮಾಟುಂಗಾ ಬಿಟ್ಟು ಎಲ್ಲೂ ಹೋಗಬೇಡಿ. ಸ್ನಾನ ಮಾಡಿ ಒಂದು ನಿದ್ದೆ ತೆಗೆಯಲಿ. ಮಧ್ಯಾಹ್ನದ ಊಟಕ್ಕೆ ಸ್ಟೇಷನ್ ಪಕ್ಕದ ಮಾರ್ಕೆಟ್ ಕಟ್ಟಡದಲ್ಲಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಿಂದ ನಡೆಯುತ್ತಿದೆ. ಬಾಳೆ ಎಲೆ ಊಟ ತಗೊಳ್ಳಿ. ಎಲೆಗೆ ನೀರು ಚಿಮುಕಿಸಿ ಒರೆಸುವಷ್ಟರಲ್ಲಿ ಪಲ್ಯ ಬಿದ್ದಿರುತ್ತದೆ, ಪಲ್ಯ ನೋಡುವಷ್ಟರಲ್ಲಿ ಸಾರಿನ ಬಕೆಟ್ ಪಕ್ಕದಲ್ಲಿ ಬಂದು ನಿಂತಿರುತ್ತದೆ. ಸಾರಿಗೆ ಅನ್ನದಲ್ಲಿ ಗುಳಿ ಮಾಡಿಕೊಳ್ಳದೆ ಕೂತಿರೋ, ಅದು ಎಲೆಯ ಅಂಚು ದಾಟಿ ಮಡಿಲಿಗೆ ಬಂತು ಅಂತಲೇ ಲೆಕ್ಕ. ಒಂದೇ ತೊಂದರೆ, ಇದು ಮಹಡಿ ಮೇಲಿದೆ. ಮಂಡಿ ನೋವಿರುವವರಿಗೆ ಕೆಳಗಿನ ಹೋಟೆಲೇ ವಾಸಿ.

ಊಟ ಆದಮೇಲೆ ಅಲ್ಲೇ ಹೂವಿನ ಅಂಗಡಿಗಳ ಸಾಲು. ನಮ್ಮ ದೊಡ್ಡಮ್ಮನಿಗೆ ಇಡೀ ಪ್ರವಾಸದಲ್ಲಿ ಹಿಡಿಸಿದ್ದು ಇದೊಂದೇ. ಒಬ್ಬ ಹುಡುಗ ಕಾಲಿನ ಹೆಬ್ಬೆರಳಿಗೆ ದಾರ ಸುತ್ತಿಕೊಂಡು ಮಲ್ಲಿಗೆ ಕಟ್ಟುತ್ತಿದ್ದ. ಮೊಳ ಅಳೆಯುವಾಗ ಅವನ ಮೊಳ ಗಿಡ್ಡ ಅಂತ ದೊಡ್ಡಮ್ಮ ಕನ್ನಡದಲ್ಲಿ ತಕರಾರು ತೆಗೆದರು, ಅವನು ತಮಿಳಿನಲ್ಲಿ ಉತ್ತರ ಕೊಟ್ಟ, ಕೊನೆಗೆ ಅರ್ಧ ಮೊಳ ಜಾಸ್ತಿ ಹಾಕಿದ. ಕಾಫಿ ಪುಡಿ ಬೇಕಿದ್ದರೆ ಮೈಸೂರ್ ಕನ್ಸರ್ನ್ಸ್ ಇದೆ, ಮುಂದೆ ಹೋದಾಗ ವಾಸನೆಯೇ ದಾರಿ ತೋರಿಸುತ್ತದೆ. ಹತ್ತಿರದಲ್ಲೇ ಭಾವು ದಾಜಿ ರಸ್ತೆಯಲ್ಲಿ ಮೈಸೂರ್ ಅಸೋಸಿಯೇಷನ್. 1926ರಲ್ಲಿ ಶುರುವಾದದ್ದು. ನೂರು ವರ್ಷದ ಹಿಂದೆಯೇ ಇಲ್ಲಿ ನಮ್ಮವರು ಇಷ್ಟು ಬೇರು ಬಿಟ್ಟಿದ್ದರು ಅಂತ ಊರವರಿಗೆ ಗೊತ್ತಾಗಲಿ.

ಶುಕ್ರವಾರ ರಾತ್ರಿ ಒಂಬತ್ತರ ಮೇಲೆ, ಗಟ್ಟಿ ಇರುವವರು ಟ್ಯಾಕ್ಸಿ ಮಾಡಿಕೊಂಡು ಫೋರ್ಟ್ ಕಡೆ ಹೋಗಿ. ನನ್ನ ಕೇಳಿದರೆ ಇದೇ ಮುಂಬೈ ನೋಡುವ ಹೊತ್ತು. ಸೆಕೆ ಇಳಿದಿರುತ್ತದೆ, ಟ್ರಾಫಿಕ್ ಕಡಿಮೆಯಾಗಿರುತ್ತದೆ. ಸಿಎಸ್‌ಎಂಟಿ, ಅಂದರೆ ಹಳೆ ವಿ.ಟಿ. ಸ್ಟೇಷನ್ನನ್ನು ಹಗಲಲ್ಲಿ ಜನರ ಕಾಲ್ತುಳಿತದಲ್ಲಿ ನೋಡೋದಕ್ಕಿಂತ, ರಾತ್ರಿ ದೀಪ ಹಾಕಿದಾಗ ಎದುರಿನ ಪಾಲಿಕೆ ಕಟ್ಟಡದ ಕಡೆ ನಿಂತು ನೋಡಬೇಕು. ಎರಡೂ ಎಫ್. ಡಬ್ಲ್ಯೂ. ಸ್ಟೀವನ್ಸ್ ವಿನ್ಯಾಸ ಮಾಡಿದವು. ಸ್ಟೇಷನ್ 2004ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಅಲ್ಲಿಂದ ಕ್ರಾಫರ್ಡ್ ಮಾರ್ಕೆಟ್ ಎದುರಿನ ಬಾದ್‌ಶಾದಲ್ಲಿ ಫಾಲೂದಾ, ಆಮೇಲೆ ಮರೀನ್ ಡ್ರೈವ್ ಕಟ್ಟೆ ಮೇಲೆ ಅರ್ಧ ಗಂಟೆ. ಸುಮ್ನೆ ಕೂತರೆ ಸಾಕು.

ಶನಿವಾರ ಬೆಳಗ್ಗೆ ತಿಂಡಿ. ಕೆಫೆ ಮದ್ರಾಸ್‌ಗೆ ಹೋಗುವುದಾದರೆ ತೆರೆಯುವ ಹೊತ್ತಿಗೇ ಹೋಗಿ, ಶನಿವಾರ-ಭಾನುವಾರ ಎಂಟರ ಮೇಲೆ ಫುಟ್‌ಪಾತ್ ತುಂಬ ಜನ. ಸ್ಟೇಷನ್ ಹತ್ತಿರದ ರಾಮಾಶ್ರಯದಲ್ಲಿ ಅನಾನಸ್ ಶಿರಾ, ಉಪ್ಪಿಟ್ಟು ಚೆನ್ನಾಗಿರುತ್ತದೆ. ಆದರೆ ದಾವಣಗೆರೆಯವರಿಗೆ ಇಲ್ಲಿ ಬೆಣ್ಣೆ ದೋಸೆ ಕೊಡಿಸೋ ಸಾಹಸ ಬೇಡ. ಊರಿಗೆ ಹೋದಮೇಲೂ ಅದರ ಮಾತೇ ಆಡುತ್ತಾರೆ. ಅವರಿಗೆ ಅಲ್ಲಿ ಸಿಗದ್ದನ್ನು ಕೊಡಿಸಿ: ಕಿಂಗ್ಸ್ ಸರ್ಕಲ್‌ನ ಕೂಲರ್ ಅನ್ನೋ ಇರಾನಿ ಹೋಟೆಲಿನಲ್ಲಿ ಬೆಣ್ಣೆ ಸವರಿದ ಬ್ರುನ್ ಬ್ರೆಡ್ಡು, ಚಹಾ. ಬ್ರುನ್ ಗಟ್ಟಿ ಇರುತ್ತೆ, ಚಹಾದಲ್ಲಿ ಅದ್ದಿ ತಿನ್ನಬೇಕು, ಹಲ್ಲಿನ ಸೆಟ್ಟು ಹಾಕಿಕೊಂಡವರಿಗೆ ಮುಂಚೆಯೇ ಎಚ್ಚರಿಸಿ. ಇಲ್ಲಾಂದ್ರೆ ದಾದರ್ ಶಿವಾಜಿ ಪಾರ್ಕ್ ಕಡೆ ಪ್ರಕಾಶ್‌ನಲ್ಲಿ ಸಾಬೂದಾನಾ ವಡೆ, ಜೊತೆಗೆ ಪಿಯೂಷ್ ಅನ್ನೋ ಶ್ರೀಖಂಡದ ಸಿಹಿ ಪಾನೀಯ. ಪಕ್ಕದ ಪ್ರಭಾದೇವಿಯಲ್ಲೇ ಸಿದ್ಧಿವಿನಾಯಕ, ಹಿರಿಯರು ದರ್ಶನ ಆಗದೆ ಬಿಡಲ್ಲ ಅಲ್ವಾ. ಏನೇ ಮಾಡಿದರೂ ಹನ್ನೆರಡಕ್ಕೆ ಎಲ್ಲರೂ ರೂಮಲ್ಲಿರಬೇಕು.

ಭಾನುವಾರ ಮದುವೆ ಮನೆ ಊಟ, ನೋಡುವುದು ಏನೂ ಇಲ್ಲ. ಬೇರೆ ಕಡೆ ಉಳಿದವರು ಲೋಕಲ್‌ನಲ್ಲಿ ಬರುವುದಿದ್ದರೆ ಹಳಿ ರಿಪೇರಿಯ ಮೆಗಾ ಬ್ಲಾಕ್ ಇದೆಯಾ ಅಂತ ನೋಡಿಕೊಳ್ಳಲಿ. ಭಾನುವಾರ ಸಾಮಾನ್ಯವಾಗಿ ಹನ್ನೊಂದರಿಂದ ನಾಲ್ಕರವರೆಗೆ ಗಾಡಿಗಳು ಏರುಪೇರು. ಮಾಟುಂಗಾದಲ್ಲಿ ನಿಲ್ಲೋದು ಸ್ಲೋ ಗಾಡಿ ಮಾತ್ರ ಅನ್ನೋದೂ ನೆನಪಿರಲಿ.

ಸೋಮವಾರ ಬೆಳಗಿನ ನೂಕುನುಗ್ಗಲು ಮುಗಿದ ಮೇಲೆ, ಹನ್ನೊಂದರ ಸುಮಾರಿಗೆ, ಸ್ಲೋ ಲೋಕಲ್ ಹತ್ತಿ ಸಿಎಸ್‌ಎಂಟಿಗೆ. ಊರಿನ ಮಕ್ಕಳಿಗೆ ಆ ಗಾಡಿಯೇ ಒಂದು ಪ್ರವಾಸ. ಲೋಕಲ್ ಭಯ ಅನ್ನುವವರಿಗೆ ಸಿದ್ಧಿವಿನಾಯಕ, ದಾದರ್ ಕಡೆಯಿಂದ ನೆಲದಡಿಯ ಮೆಟ್ರೊ ಇದೆ, 2025ರ ಅಕ್ಟೋಬರ್‌ನಿಂದ ಕಫ್ ಪರೇಡ್‌ವರೆಗೂ ಓಡುತ್ತಿದೆ. ಗೇಟ್‌ವೇ ನೋಡಿ, ಅಲ್ಲಿಂದ ಹತ್ತಿರದ ಶಿವಾಜಿ ವಸ್ತುಸಂಗ್ರಹಾಲಯಕ್ಕೆ ಹೋಗಿ, ಬಿಸಿಲಿಗೆ ನೆರಳಾಯಿತು. ಮೀನು ಬೇಕು ಅನ್ನುವ ತರುಣರಿಗೆ ಫೋರ್ಟ್‌ನಲ್ಲಿ ಮಹೇಶ್ ಲಂಚ್ ಹೋಮ್, ಅಪೂರ್ವ ಎಲ್ಲ ಮಂಗಳೂರು ರುಚಿಯವೇ. ಸೋಮವಾರ ನಿಮ್ಮವರಲ್ಲಿ ಎಷ್ಟು ಜನ ಮುಟ್ಟುತ್ತಾರೋ ನೋಡಿಕೊಳ್ಳಿ. ನಾಲ್ಕು ಗಂಟೆಗೆ ವಾಪಸ್ ಗಾಡಿ ಹತ್ತಿಬಿಡಿ. ಐದಾದರೆ ಹತ್ತೋಕೇ ಆಗಲ್ಲ. ರಾತ್ರಿ ಊರಿನ ರೈಲು ಬೇರೆ.

ಎಲಿಫೆಂಟಾ ಕೇಳೇ ಕೇಳುತ್ತಾರೆ. ಸೋಮವಾರ ಗುಹೆ ಮುಚ್ಚಿರುತ್ತದೆ ಅಂತ ಹೇಳಿ ಪಾರಾಗಿ, ಸುಳ್ಳೇನೂ ಅಲ್ಲ. ಒಂದು ಗಂಟೆ ದೋಣಿ, ಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು, ಅರ್ಧ ದಿನ ಹೋಯಿತು. ಬೇರೆ ಸಲ ಬಂದಾಗ ಮಾತ್ರ ಬಿಡಬೇಡಿ. ಇಮ್ಮಡಿ ಪುಲಕೇಶಿ ನೌಕೆಗಳನ್ನು ಕಟ್ಟಿಕೊಂಡು ಬಂದು ಪುರಿಯನ್ನು ಮುತ್ತಿದ ಅಂತ ಐಹೊಳೆ ಶಾಸನದಲ್ಲಿದೆ. ಆ ಪುರಿ ಇದೇ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪ ಅಂತ ಕೆಲವು ಇತಿಹಾಸಕಾರರ ಅಭಿಪ್ರಾಯ. ಹುಬ್ಬಳ್ಳಿಯವರಿಗೆ ಅಷ್ಟು ಸಾಕು.

ಇನ್ನೊಂದು ಮುಖ್ಯ. ಆಮಂತ್ರಣದ ಜೊತೆ ವಾಟ್ಸಾಪಿನಲ್ಲಿ ಸ್ಟೇಷನ್ ಹೆಸರನ್ನು ಸ್ಪಷ್ಟವಾಗಿ ಕಳಿಸಿ. ಮಾಟುಂಗಾ ಸೆಂಟ್ರಲ್ ಲೈನ್‌ನಲ್ಲಿ, ಮಾಟುಂಗಾ ರೋಡ್ ವೆಸ್ಟರ್ನ್‌ನಲ್ಲಿ, ಕಿಂಗ್ಸ್ ಸರ್ಕಲ್ ಹಾರ್ಬರ್‌ನಲ್ಲಿ. ಮೂರೂ ಬೇರೆ ಬೇರೆ. ಕರ್ನಾಟಕ ಸಂಘ ಇರೋದು ಪಶ್ಚಿಮಕ್ಕೆ, ಹಾಗಾಗಿ ಕನ್ನಡದವರ ಮದುವೆ ಅಂದ ಕೂಡಲೇ ಹಳಬರು ಆ ಕಡೆ ನಡೆದುಬಿಡುತ್ತಾರೆ. ನಮ್ಮ ಭಾವ ಹಾಗೇ ಮಾಟುಂಗಾ ರೋಡ್‌ನಲ್ಲಿ ಇಳಿದು, ಉಡುಗೊರೆಯ ಹಿತ್ತಾಳೆ ಕೊಡಪಾನ ಹೊತ್ತುಕೊಂಡು, ಹಳಿ ಮೇಲಿನ ಝಡ್ ಬ್ರಿಡ್ಜ್ ಅನ್ನೋ ಕಾಲುಸೇತುವೆ ಹತ್ತಿ ಇಳಿದು ಹಾಲ್ ಮುಟ್ಟುವ ಹೊತ್ತಿಗೆ ಧಾರೆ ಮುಗಿದು ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು.